ಎನ್‌ಬಿಎ ಪಂದ್ಯಕ್ಕೆ ಹೊರಊರಿನ ಪ್ರೇಕ್ಷಕರಾಗಿ ಹೋಗುವವರಿಗೆ: ಪ್ರಶ್ನೋತ್ತರ

ಗುಂಪಿನ ಎಲ್ಲ ಸದಸ್ಯರಿಗೂ ನಮಸ್ಕಾರ. ನಾನು 14 ವರ್ಷಗಳಿಂದ ಬೆಂಗಳೂರಿನಲ್ಲಿ ಪ್ರವಾಸ ಸಲಹೆಗಾರ್ತಿಯಾಗಿದ್ದೇನೆ. ಅಮೆರಿಕಕ್ಕೆ ಹೋಗುವವರಿಗೆ ಪ್ರವಾಸದ ನಡುವೆ ಎನ್‌ಬಿಎಯ, ಅಂದರೆ ಅಲ್ಲಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್‌ನ, ಒಂದು ಪಂದ್ಯವನ್ನು ಹೊಂದಿಸಿಕೊಡುವುದು ನನ್ನ ಕೆಲಸದ ಒಂದು ಭಾಗ. ಈ ವಾರ ಗುಂಪಿನಲ್ಲಿ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು): ಮೇಡಂ, ಬರುವ ಜನವರಿಯಲ್ಲಿ ನಾನು ಮತ್ತು ನನ್ನ ಶ್ರೀಮತಿ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಸನ್ನಿವೇಲ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಕಾಲೇಜಿನಲ್ಲಿ ನಾನು ಬ್ಯಾಸ್ಕೆಟ್‌ಬಾಲ್ ಆಡಿದವನು. 2017ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಾಗ ರೈಲು ಹತ್ತಿ ಬಂದು ನೋಡಿದ್ದೆ. ವಾರಿಯರ್ಸ್ ತಂಡದ ಸ್ಟೀಫನ್ ಕರಿ ಆಡುವುದನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂಬ ಆಸೆಯಿದೆ. ಟಿಕೆಟ್ಟನ್ನು ಈಗಲೇ ಕೊಂಡುಬಿಡಬೇಕೆ?

ಉತ್ತರ: ಸರ್, ಟಿಕೆಟ್ಟಿಗೆ ಮೊದಲು ಪಂದ್ಯಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಿ. ಪ್ರತಿ ತಂಡವೂ ಅಕ್ಟೋಬರ್‌ನಿಂದ ಏಪ್ರಿಲ್ ಮಧ್ಯದವರೆಗೆ 82 ಪಂದ್ಯಗಳನ್ನು ಆಡುತ್ತದೆ. ಅವುಗಳಲ್ಲಿ ಅರ್ಧದಷ್ಟು ಮಾತ್ರ ತವರಿನಲ್ಲಿ ನಡೆಯುತ್ತವೆ. ತಂಡವು ಒಮ್ಮೆ ಹೊರಟರೆ ಒಂದು ವಾರ, ಕೆಲವೊಮ್ಮೆ ಹತ್ತು ದಿನ ಪರ ಊರುಗಳಲ್ಲೇ ಸುತ್ತುವುದುಂಟು. ಆದ್ದರಿಂದ ನೀವು ಅಲ್ಲಿರುವ ದಿನಗಳಲ್ಲಿ ವಾರಿಯರ್ಸ್ ತಂಡ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇರುತ್ತದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಪಟ್ಟಿಯು ಸಾಮಾನ್ಯವಾಗಿ ಆಗಸ್ಟ್‌ನಲ್ಲೇ ಪ್ರಕಟವಾಗುವುದರಿಂದ ವಿಮಾನದ ದಿನಾಂಕವನ್ನು ಒಂದೆರಡು ದಿನ ಹಿಂದೆ ಮುಂದೆ ಮಾಡಿಕೊಳ್ಳಲು ಅವಕಾಶವಿರುತ್ತದೆ.

ಇನ್ನು ಆಟಗಾರರ ವಿಷಯ. ಒಬ್ಬ ಆಟಗಾರನನ್ನು ನೋಡಲೆಂದೇ ಸಾವಿರಾರು ಮೈಲಿ ಹೋಗುವವರಿಗೆ ನಾನು ತಪ್ಪದೆ ಹೇಳುವ ಮಾತೊಂದಿದೆ: ಟಿಕೆಟ್ಟು ಪಂದ್ಯವನ್ನು ಕೊಡುತ್ತದೆ, ಆಟಗಾರನನ್ನು ಕೊಡುವುದಿಲ್ಲ, ಮತ್ತು ಆತ ಆಡಲಿಲ್ಲವೆಂದು ಹಣ ಹಿಂದಿರುಗುವುದಿಲ್ಲ. ಸುಮಾರು ಆರು ತಿಂಗಳಲ್ಲಿ 82 ಪಂದ್ಯಗಳೆಂದರೆ ದೇಹಕ್ಕೆ ಆಗುವ ಆಯಾಸ ಎಷ್ಟೆಂಬುದು ಆಡಿದವರಾದ ನಿಮಗೆ ಗೊತ್ತೇ ಇದೆ. ತಾರಾ ಆಟಗಾರರನ್ನು ಬೇಕೆಂದಾಗ ಆಡಿಸದೆ ಕೂರಿಸುವುದಕ್ಕೆ ಲೀಗ್ 2023ರಲ್ಲಿ ಕಡಿವಾಣ ಹಾಕಿತು. ಆದರೆ ಋತುವಿನ ಆರಂಭಕ್ಕೆ 35 ತುಂಬಿದವರಿಗೆ ಎರಡು ದಿನ ಬೆನ್ನುಬೆನ್ನಿಗೆ ಬರುವ ಪಂದ್ಯಗಳಲ್ಲಿ ವಿಶ್ರಾಂತಿಗೆ ಮೊದಲೇ ಅನುಮತಿ ಪಡೆಯುವ ದಾರಿಯನ್ನು ಉಳಿಸಿತು. 1988ರಲ್ಲಿ ಹುಟ್ಟಿದ ಕರಿ ಅವರು ಈ ವಯಸ್ಸನ್ನು ದಾಟಿದ್ದಾರೆ. ಹಾಗಾಗಿ ಹಿಂದಿನ ದಿನ ಅಥವಾ ಮರುದಿನ ಇನ್ನೊಂದು ಪಂದ್ಯವಿರುವ ದಿನಾಂಕವನ್ನು ಆರಿಸಬೇಡಿ. ಎರಡೂ ಕಡೆ ಒಂದು ದಿನವಾದರೂ ಬಿಡುವಿರುವ ಪಂದ್ಯವನ್ನೇ ಆರಿಸಿ. ಯಾರು ಆಡುತ್ತಾರೆ, ಯಾರು ಸಂದೇಹ ಎಂಬ ಗಾಯದ ವರದಿಯನ್ನು ಲೀಗ್ ಪಂದ್ಯಕ್ಕೆ ಮೊದಲು ಅಧಿಕೃತವಾಗಿ ಪ್ರಕಟಿಸುತ್ತದೆ. ಅದನ್ನು ನೋಡಿಕೊಂಡೇ ಟಿಕೆಟ್ ಕೊಳ್ಳುವ ತಾಳ್ಮೆ ನಿಮಗಿದ್ದರೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ನಿಮಗೆ ಆ ತಾಳ್ಮೆ ಲಾಭದಾಯಕವೂ ಹೌದು. ವಾರದ ನಡುವಿನ ದಿನ, ಅಷ್ಟೇನೂ ಹೆಸರಿಲ್ಲದ ಎದುರಾಳಿಯ ವಿರುದ್ಧದ ಪಂದ್ಯವಾದರೆ ಮರುಮಾರಾಟದ ಬೆಲೆ ಪಂದ್ಯದ ದಿನ ಹತ್ತಿರವಾದಂತೆ ಇಳಿಯುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಲಾಸ್ ಏಂಜಲೀಸ್‌ನ ಲೇಕರ್ಸ್‌ನಂಥ ಹೆಸರಾಂತ ತಂಡ ಬರುವ ದಿನ ಮಾತ್ರ ಕಾಯುವುದು ಅಪಾಯಕರ. 2025ರ ಮೇ ತಿಂಗಳಿಂದ ಅಮೆರಿಕದಲ್ಲಿ ಟಿಕೆಟ್ ಮಾರುವವರು ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿದ ಮೊತ್ತವನ್ನೇ ಮೊದಲು ತೋರಿಸಬೇಕೆಂಬ ನಿಯಮ ಬಂದಿರುವುದರಿಂದ, ಕೊನೆಯ ಪುಟದಲ್ಲಿ ಬೆಲೆ ಹಠಾತ್ತನೆ ಏರಿ ಕಂಗಾಲಾಗುವ ಪ್ರಸಂಗ ಕಡಿಮೆಯಾಗಿದೆ.

ಎಲ್ಲಿ ಕೂರಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬುಟ್ಟಿಯ ಹಿಂದಿನ ಕೆಳಸಾಲಿಗಿಂತ, ಅಂಕಣದ ಉದ್ದಕ್ಕೂ ಕಾಣುವಂತೆ ಮಧ್ಯಗೆರೆಯ ನೇರದಲ್ಲಿರುವ ಮೇಲಂತಸ್ತಿನ ಮುಂಭಾಗ ನನಗೆ ಹೆಚ್ಚು ಇಷ್ಟ. ಕರಿ ಅವರು ಚೆಂಡಿಲ್ಲದೆ ಓಡುವ ಓಟ, ಅವರಿಗಾಗಿ ಸಹ ಆಟಗಾರರು ಎದುರಾಳಿಗೆ ಅಡ್ಡ ನಿಲ್ಲುವ ರೀತಿ, ಇವೆಲ್ಲ ಟಿವಿಯಲ್ಲಿ ಸರಿಯಾಗಿ ಕಾಣುವುದಿಲ್ಲ. ಆ ಎತ್ತರದಿಂದ ಪೂರ್ಣವಾಗಿ ಕಾಣುತ್ತವೆ.

ಪ್ರಶ್ನೆ (ಅವರೇ ಮುಂದುವರಿದು): ಬಹಳ ಉಪಕಾರವಾಯಿತು ಮೇಡಂ. ಶ್ರೀಮತಿಗೆ ಮಂಡಿನೋವಿದೆ. ಅಲ್ಲದೆ ನಮ್ಮ ಫೋನಿನಲ್ಲಿ ಭಾರತದ ಸಿಮ್ ಮಾತ್ರ ಇರುತ್ತದೆ. ಟಿಕೆಟ್ಟನ್ನು ಕಾಗದದಲ್ಲಿ ಮುದ್ರಿಸಿಕೊಳ್ಳಬಹುದೆ?

ಉತ್ತರ: ಕಾಗದದ ಟಿಕೆಟ್ಟಿನ ಕಾಲ ಮುಗಿದಿದೆ ಸರ್, ಟಿಕೆಟ್ಟು ಫೋನಿನಲ್ಲೇ ಇರುತ್ತದೆ. ಅದರ ಬಾರ್‌ಕೋಡ್ ಕೆಲವು ಕ್ಷಣಗಳಿಗೊಮ್ಮೆ ಬದಲಾಗುವಂತೆ ಮಾಡಿರುವುದರಿಂದ ಸ್ಕ್ರೀನ್‌ಶಾಟ್ ಕೆಲಸಕ್ಕೆ ಬರುವುದಿಲ್ಲ. ನನ್ನ ಪರಿಚಯದ ಕುಟುಂಬವೊಂದು ವಾಟ್ಸಾಪ್‌ನಲ್ಲಿ ಸಿಕ್ಕಿದ ಅಪರಿಚಿತರೊಬ್ಬರಿಗೆ ಹಣ ಕಳಿಸಿ, ಚಿತ್ರವೊಂದನ್ನು ಪಡೆದು, ಗೇಟಿನವರೆಗೆ ಹೋಗಿ ನಾಲ್ವರೂ ಹಿಂದಿರುಗಬೇಕಾಯಿತು. ಆ ಮಕ್ಕಳ ಮುಖ ನನಗೆ ಇಂದಿಗೂ ನೆನಪಿದೆ. ತಂಡದ ಅಧಿಕೃತ ತಾಣವು ಸೂಚಿಸುವ ಮಾರಾಟಗಾರರಿಂದ, ನಿಮ್ಮ ಮಗಳ ಖಾತೆಯಲ್ಲಿ, ಆಕೆಯ ಅಮೆರಿಕದ ನಂಬರ್ ಬಳಸಿ ಕೊಳ್ಳಿ. ಒಟ್ಟಿಗೆ ಒಳಗೆ ಹೋಗುವುದಾದರೆ ಆಕೆಯ ಒಂದೇ ಫೋನಿನಲ್ಲಿ ಮೂರೂ ಟಿಕೆಟ್ಟುಗಳನ್ನು ತೋರಿಸಬಹುದು. ಗೇಟಿನ ಬಳಿ ಸಾವಿರಾರು ಜನ ಸೇರಿದಾಗ ನೆಟ್‌ವರ್ಕ್ ಕೈಕೊಡುವುದುಂಟು, ಆದ್ದರಿಂದ ಮನೆ ಬಿಡುವ ಮೊದಲೇ ಟಿಕೆಟ್ಟನ್ನು ಫೋನಿನ ವ್ಯಾಲೆಟ್‌ಗೆ ಸೇರಿಸಿಕೊಳ್ಳಲಿ.

ಮಂಡಿನೋವಿನ ವಿಷಯವನ್ನು ಹೇಳಿದ್ದು ಒಳ್ಳೆಯದಾಯಿತು. ಮೇಲೆ ನಾನು ಹೇಳಿದ ಸಲಹೆಯನ್ನು ತಿದ್ದಬೇಕಾಗಿದೆ. ಮೇಲಂತಸ್ತಿನ ಮೆಟ್ಟಿಲುಗಳು ಕಡಿದಾಗಿರುತ್ತವೆ, ಹಿಡಿದುಕೊಳ್ಳಲು ಎಲ್ಲ ಕಡೆ ಆಧಾರವಿರುವುದಿಲ್ಲ. ಲಿಫ್ಟು ಆ ಅಂತಸ್ತಿನವರೆಗೆ ಕರೆದೊಯ್ಯುತ್ತದೆಯೇ ಹೊರತು ಸಾಲಿನವರೆಗೆ ಅಲ್ಲ. ಹಾಗಾಗಿ ಮೆಟ್ಟಿಲು ಹತ್ತದೆ ತಲುಪಬಹುದಾದ, ಅಂಗವಿಕಲರಿಗೂ ನಡೆಯಲು ಕಷ್ಟವಿರುವವರಿಗೂ ಮೀಸಲಾದ ಸೀಟುಗಳನ್ನು ಕೊಳ್ಳಿ. ಜೊತೆಗಿರುವವರಿಗೂ ಪಕ್ಕದಲ್ಲೇ ಸೀಟು ಸಿಗುತ್ತದೆ. ಸನ್ನಿವೇಲ್‌ನಿಂದ ಕ್ಯಾಲ್‌ಟ್ರೇನ್ ಎಂಬ ಸ್ಥಳೀಯ ರೈಲಿನಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ. 2024ರ ಸೆಪ್ಟೆಂಬರ್‌ನಿಂದ ಆ ಮಾರ್ಗದಲ್ಲಿ ವಿದ್ಯುತ್ ರೈಲುಗಳು ಓಡುತ್ತಿವೆ, ಪ್ರಯಾಣ ಹಿತವಾಗಿದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದಲ್ಲಿ ಇಳಿದು ನಡೆಯುವ ಬದಲು ನಗರ ಸಾರಿಗೆಯಾದ ಮ್ಯೂನಿ ಸಂಸ್ಥೆಯ ಟಿ ಮಾರ್ಗದ ರೈಲನ್ನು ಹತ್ತಿರಿ. ಅದು ವಾರಿಯರ್ಸ್‌ನ ತವರು ಅಂಕಣವಾದ ಚೇಸ್ ಸೆಂಟರ್‌ನ ಎದುರಿಗೇ ನಿಲ್ಲುತ್ತದೆ. ಪಂದ್ಯದ ಟಿಕೆಟ್ಟೇ ಆ ದಿನ ಮ್ಯೂನಿಯ ಪ್ರಯಾಣದ ಟಿಕೆಟ್ಟೂ ಆಗುತ್ತದೆ. ಗಡಿಯಾರದ ಲೆಕ್ಕದಲ್ಲಿ ಆಟ 48 ನಿಮಿಷವಾದರೂ ಮುಗಿಯಲು ಎರಡೂಕಾಲು ಗಂಟೆಗೂ ಹೆಚ್ಚು ಹಿಡಿಯಬಹುದು, ಹೆಚ್ಚುವರಿ ಅವಧಿ ಬಂದರಂತೂ ಇನ್ನೂ ತಡ. ಮರಳುವ ಕೊನೆಯ ರೈಲಿನ ಸಮಯವನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ (ಬಾಸ್ಟನ್‌ನಲ್ಲಿ ಓದುತ್ತಿರುವ ಶಿವಮೊಗ್ಗದ ವಿದ್ಯಾರ್ಥಿ): ಮೇಡಂ, ನಾನು ಚಿಕ್ಕಂದಿನಿಂದ ಲೇಕರ್ಸ್ ಅಭಿಮಾನಿ. ಇಲ್ಲಿನ ಸೆಲ್ಟಿಕ್ಸ್ ತಂಡದ ಅಂಕಣಕ್ಕೆ ಲೇಕರ್ಸ್ ಜೆರ್ಸಿ ಹಾಕಿಕೊಂಡು ಹೋದರೆ ತೊಂದರೆಯಾಗುತ್ತದೆಯೆ? ಯುರೋಪಿನ ಫುಟ್‌ಬಾಲ್‌ನಲ್ಲಿ ಇರುವಂತೆ ಎದುರಾಳಿ ಅಭಿಮಾನಿಗಳಿಗೆ ಬೇರೆ ಭಾಗವಿದೆಯೆ?

ಉತ್ತರ: ಬೇರೆ ಭಾಗವಿಲ್ಲ. ಎನ್‌ಬಿಎಯಲ್ಲಿ ಎರಡೂ ತಂಡಗಳ ಅಭಿಮಾನಿಗಳು ಪಕ್ಕಪಕ್ಕದಲ್ಲೇ ಕೂರುತ್ತಾರೆ, ಮತ್ತು ನನಗೆ ಈ ಆಟದ ಪ್ರೇಕ್ಷಕರಲ್ಲಿ ಬಹಳ ಮೆಚ್ಚುಗೆಯಾಗುವ ಸಂಗತಿ ಇದೇ. ಆದರೂ ನೀವು ಆರಿಸಿಕೊಂಡಿರುವುದು ಸಾಮಾನ್ಯ ಪೈಪೋಟಿಯಲ್ಲ. ಇವೆರಡು ತಂಡಗಳು ಅಂತಿಮ ಸರಣಿಯಲ್ಲಿ 12 ಬಾರಿ ಎದುರಾಗಿವೆ. 2024ರಲ್ಲಿ 18ನೆಯ ಪ್ರಶಸ್ತಿ ಗೆದ್ದು ಸೆಲ್ಟಿಕ್ಸ್ ತಂಡವು 17 ಪ್ರಶಸ್ತಿಗಳ ಲೇಕರ್ಸ್‌ಗಿಂತ ಮುಂದಾಯಿತು. ನಿಮ್ಮನ್ನು ರೇಗಿಸುತ್ತಾರೆ, ಖಂಡಿತ. ನಾನು ಕರೆದೊಯ್ದಿದ್ದ ಹುಡುಗನೊಬ್ಬ ಅದೇ ಹಳದಿ ಜೆರ್ಸಿ ತೊಟ್ಟಿದ್ದಾಗ, ಪಕ್ಕದ ಸೀಟಿನ ವಯಸ್ಸಾದ ಸೆಲ್ಟಿಕ್ಸ್ ಅಭಿಮಾನಿಯೊಬ್ಬರು ಛಾವಣಿಯಿಂದ ತೂಗುವ ಪ್ರಶಸ್ತಿ ಪತಾಕೆಗಳನ್ನು ಒಂದೊಂದಾಗಿ ಬೆರಳು ತೋರಿಸಿ ಎಣಿಸಿ ಹೇಳಿದರು. ವಿರಾಮದಲ್ಲಿ ಅವನಿಗೆ ಪಾಪ್‌ಕಾರ್ನ್ ಕೊಡಿಸಿದವರೂ ಅವರೇ. ಮಾತಿಗೆ ಮಾತು ನಗುತ್ತಲೇ ಕೊಡಿ. ಕುಡಿದವರು ಕೆಣಕಿದರೆ ಉತ್ತರಿಸದೆ ಸಿಬ್ಬಂದಿಯನ್ನು ಕರೆಯಿರಿ. ಪಂದ್ಯಕ್ಕೆ ಮೊದಲು ರಾಷ್ಟ್ರಗೀತೆ ಹಾಡುವಾಗ ಟೋಪಿ ತೆಗೆದು ನಿಲ್ಲಿ. ಕೆಳಗಿನ ಸಾಲುಗಳಿಗೆ ಆಟ ನಡೆಯುತ್ತಿರುವಾಗ ಇಳಿಯದೆ, ಆಟ ನಿಂತಾಗ ಸೀಟಿಗೆ ಹೋಗಿ.

ಎದುರಾಳಿ ಊರಿನ ಜನರ ದೊಡ್ಡತನ ಎಂಥದ್ದೆಂದು ತಿಳಿಯಬೇಕಾದರೆ 2021ರ ಡಿಸೆಂಬರ್ 14ರ ರಾತ್ರಿಯನ್ನು ನೆನೆಯಿರಿ. ಕರಿ ಅವರು ರೇ ಆ್ಯಲೆನ್ ಅವರ ಮೂರು ಅಂಕ ತರುವ 2,973 ಎಸೆತಗಳ ದಾಖಲೆಯನ್ನು ಮುರಿದದ್ದು ತಮ್ಮ ಊರಿನಲ್ಲಲ್ಲ, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ಅಲ್ಲಿನ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬೇರೆ ಭಾಗವಿಲ್ಲ ಎಂದೆನಲ್ಲ, ಅದಕ್ಕೆ ಒಂದು ವಿನಾಯಿತಿಯನ್ನು ತಿಳಿದಿರಿ. ಲಾಸ್ ಏಂಜಲೀಸ್ ಬಳಿಯ ಇಂಗಲ್‌ವುಡ್‌ನಲ್ಲಿ 2024ರಲ್ಲಿ ತೆರೆದ ಕ್ಲಿಪ್ಪರ್ಸ್ ತಂಡದ ಇಂಟ್ಯೂಟ್ ಡೋಮ್‌ನಲ್ಲಿ, ಬುಟ್ಟಿಯ ಹಿಂದೆ 51 ಸಾಲುಗಳ ‘ದಿ ವಾಲ್’ ಎಂಬ ಭಾಗವಿದೆ. ಅದು ತವರಿನ ಅಭಿಮಾನಿಗಳಿಗೇ ಮೀಸಲು. ಎದುರಾಳಿಯ ಜೆರ್ಸಿ ತೊಟ್ಟವರಿಗೆ ಅಲ್ಲಿ ಜಾಗವಿಲ್ಲ.

ನಿಮ್ಮ ಖರ್ಚಿನ ಬಗ್ಗೆಯೂ ಯೋಚಿಸಬೇಕು. ಲೇಕರ್ಸ್ ಪಶ್ಚಿಮ ವಿಭಾಗದ ತಂಡ, ಸೆಲ್ಟಿಕ್ಸ್ ಪೂರ್ವದ್ದು. ಸಾಮಾನ್ಯ ಋತುವಿನಲ್ಲಿ ಲೇಕರ್ಸ್ ಬಾಸ್ಟನ್‌ಗೆ ಬರುವುದು ಒಂದೇ ಬಾರಿಯಾದ್ದರಿಂದ ಆ ದಿನದ ಟಿಕೆಟ್ಟು ವಿದ್ಯಾರ್ಥಿಯ ಜೇಬಿಗೆ ಭಾರ. ಅವರು ನ್ಯೂಯಾರ್ಕ್‌ನ ಬ್ರೂಕ್ಲಿನ್‌ಗೂ ಒಮ್ಮೆ ಬರುತ್ತಾರೆ. ಬಸ್ಸಿನಲ್ಲಿ ನಾಲ್ಕೈದು ಗಂಟೆಯ ದಾರಿ, ಅಲ್ಲಿನ ಅಂಕಣವಾದ ಬಾರ್ಕ್ಲೇಸ್ ಸೆಂಟರ್ ಸಬ್‌ವೇ ನಿಲ್ದಾಣಕ್ಕೆ ಅಂಟಿಕೊಂಡಂತೇ ಇದೆ. ಎರಡೂ ಊರಿನ ಬೆಲೆಯನ್ನು ಹೋಲಿಸಿ ನೋಡಿ. ಇನ್ನೊಂದು ಮಾತು: ಒಬ್ಬನೇ ಆಟಗಾರನಿಗಾಗಿ ತಿಂಗಳುಗಟ್ಟಲೆ ಮೊದಲು ಟಿಕೆಟ್ ಕೊಳ್ಳಬೇಡಿ. 2025ರ ಫೆಬ್ರವರಿ ಆರಂಭದಲ್ಲಿ ತಾರಾ ಆಟಗಾರ ಲೂಕಾ ಡಾನ್ಚಿಚ್ ರಾತ್ರೋರಾತ್ರಿ ಡಲ್ಲಾಸ್ ತಂಡ ಬಿಟ್ಟು ನಿಮ್ಮ ಲೇಕರ್ಸ್‌ಗೆ ಬಂದಾಗ, ಡಲ್ಲಾಸ್ ಪಂದ್ಯಗಳಿಗೆ ಅವರಿಗಾಗಿಯೇ ಟಿಕೆಟ್ ಕೊಂಡವರ ಪಾಡನ್ನು ಊಹಿಸಿಕೊಳ್ಳಿ.

ಪ್ರಶ್ನೆ (ಮಂಗಳೂರಿನ ಸದಸ್ಯೆ): ನ್ಯೂಯಾರ್ಕ್‌ನಲ್ಲಿ ರೈಲಿನಿಂದ ಇಳಿದು ನೇರವಾಗಿ ಪಂದ್ಯಕ್ಕೆ ಹೋಗುವ ಯೋಚನೆಯಿದೆ. ಸೂಟ್‌ಕೇಸನ್ನು ಅಲ್ಲಿ ಇಡಬಹುದೆ? ಸಸ್ಯಾಹಾರ ಸಿಗುತ್ತದೆಯೆ?

ಉತ್ತರ: ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಪೆನ್ ನಿಲ್ದಾಣದ ಮೇಲೆಯೇ ಇರುವುದರಿಂದ ಈ ಯೋಚನೆ ಎಲ್ಲರಿಗೂ ಬರುತ್ತದೆ ಮೇಡಂ, ಆದರೆ ಸೂಟ್‌ಕೇಸನ್ನು ಒಳಗೆ ಬಿಡುವುದಿಲ್ಲ. ಅದನ್ನು ಹೋಟೆಲಿನಲ್ಲಿ ಅಥವಾ ಸುತ್ತಮುತ್ತ ಬಾಡಿಗೆಗೆ ಸಾಮಾನು ಇಟ್ಟುಕೊಳ್ಳುವ ಕಡೆ ಬಿಟ್ಟು ಬನ್ನಿ. ಪಾಪ್‌ಕಾರ್ನ್, ಪ್ರೆಟ್ಜೆಲ್, ಆಲೂಗಡ್ಡೆ ಫ್ರೈಸ್ ಎಲ್ಲ ಕಡೆ ಸಿಗುತ್ತವೆ. ನಾಚೋಸ್ ಕೊಳ್ಳುವಾಗ ಮಾಂಸ ಹಾಕಬೇಡಿ ಎಂದು ಹೇಳಿ. ಹೊಟ್ಟೆ ತುಂಬ ಊಟ ಮಾಡಿಕೊಂಡೇ ಹೋಗುವುದು ಒಳ್ಳೆಯದು, ಏಕೆಂದರೆ ಒಳಗಿನ ಬೆಲೆ ಬಹಳ ಹೆಚ್ಚು. ಬಹುತೇಕ ಅಂಕಣಗಳಲ್ಲಿ ನಗದು ಸ್ವೀಕರಿಸುವುದಿಲ್ಲ, ಕಾರ್ಡ್ ಇರಲಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು ಮತ್ತೆ): ಕೊನೆಯದಾಗಿ ಒಂದು, ಮೇಡಂ. ಪಂದ್ಯ ಏಳು ಗಂಟೆಗಾದರೆ ಹತ್ತು ನಿಮಿಷ ಮೊದಲು ತಲುಪಿದರೆ ಸಾಕೆಂದು ಮಗಳು ಹೇಳುತ್ತಾಳೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ದಯವಿಟ್ಟು ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ ಸರ್. ಇಷ್ಟು ದೂರದಿಂದ ಹೋಗುವ ಆಟಗಾರರೊಬ್ಬರಿಗೆ ಪಂದ್ಯಕ್ಕಿಂತ ಮೊದಲಿನ ಹೊತ್ತು ಪಂದ್ಯದಷ್ಟೇ ಬೆಲೆಯುಳ್ಳದ್ದು. ಕರಿ ಅವರು ಎರಡು ಕೈಗಳಲ್ಲಿ ಎರಡು ಚೆಂಡುಗಳನ್ನು ಒಟ್ಟಿಗೆ ಪುಟಿಸುತ್ತ ಅಭ್ಯಾಸ ಆರಂಭಿಸಿ, ಬುಟ್ಟಿಯ ಹತ್ತಿರದಿಂದ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯುತ್ತ ಎಸೆಯುವುದನ್ನು ನೋಡಲೆಂದೇ ಬೇಗ ಬರುವ ಜನರಿದ್ದಾರೆ. ಆಗ ಸಂಗೀತದ ಅಬ್ಬರವೂ ಕಡಿಮೆಯಿರುತ್ತದೆ. ಚೆಂಡು ನೆಲಕ್ಕೆ ಬಡಿಯುವ ಸದ್ದು, ಬಲೆಯನ್ನು ಹಾದುಹೋಗುವ ಸದ್ದು ಎರಡೂ ಕೇಳಿಸುತ್ತವೆ. ನಿಮ್ಮ ಸೀಟು ಎಲ್ಲೇ ಇರಲಿ, ಅಭ್ಯಾಸ ಮುಗಿಯುವವರೆಗೆ ಕೆಳಗೆ ಬಂದು ನಿಲ್ಲಬಹುದೇ ಎಂದು ಅಲ್ಲಿನ ಸಿಬ್ಬಂದಿಯನ್ನು ವಿನಯದಿಂದ ಕೇಳಿ. ನನಗೆ ಎರಡು ಬಾರಿ ಒಪ್ಪಿಗೆ ಸಿಕ್ಕಿದೆ. ಭಾರತದಿಂದ ಬಂದಿದ್ದೇನೆ, ನಾನೂ ಆಡುತ್ತಿದ್ದೆ ಎಂದು ಹೇಳುವುದನ್ನು ಮರೆಯಬೇಡಿ.