2 ಜಿಬಿ ರ‍್ಯಾಮ್ ಇರೋ ಹಳೇ ಲ್ಯಾಪ್‌ಟಾಪ್‌ಗೆ ಯಾವ ವಿಂಡೋ ಮ್ಯಾನೇಜರ್ ಹಾಕ್ಲಿ? ಕನ್ನಡ ಟೈಪಿಂಗೇ ಮುಖ್ಯ

ಚೆಂಡೆಮದ್ದಳೆ

ನಮಸ್ಕಾರ ಎಲ್ರಿಗೂ. ನಮ್ಮ ಅಜ್ಜ ಯಕ್ಷಗಾನ ಪ್ರಸಂಗಗಳನ್ನ ಕೈಯಲ್ಲಿ ಬರೆದಿಟ್ಟ ಹದಿನಾಲ್ಕು ನೋಟ್‌ಬುಕ್ ಉಂಟು. ಕಾಗದ ಮುಟ್ಟಿದ್ರೆ ಪುಡಿ ಆಗ್ತದೆ, ಹಾಗಾಗಿ ಎಲ್ಲಾ ಪುಟದ ಫೋಟೋ ತೆಗ್ದಿಟ್ಟು ಈಗ ಒಂದೊಂದೇ ಪುಟ ಟೈಪ್ ಮಾಡ್ತಾ ಇದ್ದೇನೆ. ಕೆಲಸ ಮುಗಿಸಿ ಬ್ರಹ್ಮಾವರಕ್ಕೆ ವಾಪಸ್ ಬಂದು ಊಟ ಆದ್ಮೇಲೆ ಸಿಗೋದು ದಿನಕ್ಕೆ ಎರಡು ಗಂಟೆ ಅಷ್ಟೇ, ಅದ್ರಲ್ಲಿ ಅರ್ಧ ಗಂಟೆ ಈ ಲ್ಯಾಪ್‌ಟಾಪ್ ಕಾಯೋದ್ರಲ್ಲೇ ಹೋಗ್ತದೆ ಮಾರಾಯ್ರೆ.

ಮೆಷೀನ್ ಕೋರ್ ಟು ಡ್ಯುಯೋ, 2 ಜಿಬಿ ರ‍್ಯಾಮ್, ತಿರುಗೋ ಹಾರ್ಡ್ ಡಿಸ್ಕು, ಸ್ಕ್ರೀನ್ 1280 ಇಂಟು 800. ಡೆಬಿಯನ್ 12 ಲಿನಕ್ಸ್ ಹಾಕಿದ್ದೆ, ಅದ್ರ ಜೊತೆ ಗ್ನೋಮ್ ಅನ್ನೋ ಡೆಸ್ಕ್‌ಟಾಪ್ ಬಂತು, ಫೋಟೋ ಒಂದು ಕಡೆ ಲಿಬ್ರೆಆಫೀಸ್ ಒಂದು ಕಡೆ ತೆಗೆದ್ರೆ ಮುಗೀತು, ಮೌಸ್ ಪಾಯಿಂಟರೇ ಅಲ್ಲಾಡಲ್ಲ.

ಒಂದು ವೀಡಿಯೋ ನೋಡಿ ಡಿಡಬ್ಲ್ಯೂಎಂ ಅನ್ನೋ ಹಗುರ ವಿಂಡೋ ಮ್ಯಾನೇಜರ್ ಹಾಕ್ದೆ, ಅದ್ರಲ್ಲಿ ಹೇಳಿದ ಹಾಗೇ ಎಕ್ಸ್‌ಇನಿಟ್‌ಆರ್‌ಸಿ ಫೈಲ್ ಬರ್ದು ಸ್ಟಾರ್ಟ್‌ಎಕ್ಸ್ ಕೊಟ್ಟೆ. ಸ್ಪೀಡ್ ನೋಡಿ ಖುಷಿ ಆಯ್ತು, ಆದ್ರೆ ಎರಡು ತೊಂದ್ರೆ. ಒಂದು, ಗ್ನೋಮ್‌ನಲ್ಲಿ ಸರಿ ಇದ್ದ ಕನ್ನಡ ಟೈಪಿಂಗ್ ಇಲ್ಲಿ ಬರೋದೇ ಇಲ್ಲ. ಎರಡು, ಮೇಲಿನ ಪಟ್ಟಿಯಲ್ಲಿ ಫೈಲ್ ಹೆಸರು ಒಡೆದು ಕಾಣ್ತದೆ, ವಾರ್ಧಕ ಅಂತ ಹೆಸರಿಟ್ಟ ಫೈಲ್ ವಾರ್‌ಧಕ ಅಂತ ತೋರಿಸ್ತದೆ. ಓಪನ್‌ಬಾಕ್ಸ್, ಐಸ್‌ಡಬ್ಲ್ಯೂಎಂ, ಜೆಡಬ್ಲ್ಯೂಎಂ, ಐ3 ಅಂತ ಹೆಸರು ಕೇಳಿದ್ದೇನೆ. ನಾನು ಬಿಕಾಂ ಓದಿದವ, ಪ್ರೋಗ್ರಾಮರ್ ಅಲ್ಲ, ಆದ್ರೆ ಹೇಳಿದ್ದನ್ನ ಮಾಡೋ ತಾಳ್ಮೆ ಉಂಟು. ಯಾವುದು ಹಾಕ್ಲಿ?

ಪೆಂಗ್ವಿನ್_ಮೈಸೂರು

ಒಳ್ಳೇ ಕೆಲಸ ಮಾಡ್ತಿದೀರ ಸರ್, ದಯವಿಟ್ಟು ನಿಲ್ಲಿಸ್ಬೇಡಿ. ಫೋಟೋಗಳ ಇನ್ನೊಂದು ಕಾಪಿ ಬೇರೆ ಡಿಸ್ಕ್‌ನಲ್ಲಿ ಇಟ್ಕೊಳಿ ಮೊದಲು, ಲ್ಯಾಪ್‌ಟಾಪ್ ವಿಷಯ ಆಮೇಲೆ.

ವಿಂಡೋ ಮ್ಯಾನೇಜರ್ ಅಂದ್ರೆ ಕಿಟಕಿಗಳನ್ನ ಎಲ್ಲಿ ಇಡ್ಬೇಕು, ಯಾವುದು ಮೇಲೆ ಯಾವುದು ಕೆಳಗೆ, ಟೈಟಲ್ ಬಾರ್ ಹೇಗಿರ್ಬೇಕು, ಇಷ್ಟೇ ನೋಡ್ಕೊಳೋ ಪ್ರೋಗ್ರಾಂ. ಗ್ನೋಮ್‌ನಲ್ಲಿ ಅದರ ಜೊತೆಗೆ ಪ್ಯಾನೆಲ್, ವೈಫೈ, ಸೌಂಡ್, ಪೆನ್‌ಡ್ರೈವ್ ಮೌಂಟ್ ಮಾಡೋದು, ಕನ್ನಡ ಕೀಬೋರ್ಡ್ ಎಬ್ಬಿಸೋದು ಎಲ್ಲಾ ಒಟ್ಟಿಗೆ ಬರುತ್ತೆ. ಬರೀ ವಿಂಡೋ ಮ್ಯಾನೇಜರ್ (ಡಬ್ಲ್ಯೂಎಂ) ಹಾಕಿದ್ರೆ ಅದೆಲ್ಲಾ ನೀವೇ ಜೋಡಿಸ್ಕೋಬೇಕು, ವೀಡಿಯೋ ಮಾಡೋರು ಈ ಮಾತು ಹೇಳೋದೇ ಇಲ್ಲ, ಜನ ಹಾಕಿ ಒದ್ದಾಡಿ ವಾಪಸ್ ವಿಂಡೋಸ್‌ಗೆ ಹೋಗ್ತಾರೆ, ನನಗೆ ಇದು ನಿಜವಾಗ್ಲೂ ಬೇಜಾರಾಗೋ ವಿಷಯ.

ನಿಮ್ಮ ಮೊದಲನೇ ತೊಂದರೆಗೆ ಡಿಡಬ್ಲ್ಯೂಎಂ ಕಾರಣ ಅಲ್ಲ. ಡೆಬಿಯನ್‌ನಲ್ಲಿ ಕನ್ನಡ ಟೈಪಿಂಗ್ ಕೊಡೋ ಐಬಸ್‌ಗೆ ಬೇಕಾದ ಸೆಟ್ಟಿಂಗ್‌ನ ಐಎಂ-ಕಾನ್ಫಿಗ್ ಅನ್ನೋದು ಮಾಡುತ್ತೆ, ಅದು ಓಡೋದು ಎಕ್ಸ್‌ಸೆಷನ್ ಸ್ಕ್ರಿಪ್ಟ್‌ಗಳ ಮೂಲಕ. ನೀವು ಸ್ವಂತ ಎಕ್ಸ್‌ಇನಿಟ್‌ಆರ್‌ಸಿ ಬರೆದ್ರೆ ಸ್ಟಾರ್ಟ್‌ಎಕ್ಸ್ ಆ ದಾರಿ ಬಿಟ್ಟು ನೇರ ನಿಮ್ಮ ಫೈಲ್ ಓಡಿಸುತ್ತೆ, ಹಾಗಾಗಿ ಐಬಸ್ ಎದ್ದೇ ಇರಲ್ಲ. ಆ ಫೈಲ್ ತೆಗೆದುಹಾಕಿ, ಅದರಲ್ಲಿದ್ದ ಸಾಲುಗಳನ್ನೇ ಹೋಮ್ ಫೋಲ್ಡರ್‌ನಲ್ಲಿ ಡಾಟ್ ಎಕ್ಸ್‌ಸೆಷನ್ ಅಂತ ಫೈಲ್ ಮಾಡಿ ಅದರಲ್ಲಿ ಹಾಕಿ, ಒಂದ್ಸಲ ಐಎಂ-ಕಾನ್ಫಿಗ್ ಓಡಿಸಿ ಐಬಸ್ ಆರಿಸ್ಕೊಳಿ, ಲಾಗೌಟ್ ಆಗಿ ಬನ್ನಿ. ಲೈಟ್‌ಡಿಎಂ ಥರ ಲಾಗಿನ್ ಸ್ಕ್ರೀನ್ ಇಟ್ಕೊಂಡ್ರೆ ಈ ತಲೆನೋವೇ ಇರಲ್ಲ.

ಎರಡನೇದು ಮಾತ್ರ ಡಿಡಬ್ಲ್ಯೂಎಂದೇ ಮಿತಿ. ಅದು ಅಕ್ಷರ ಬಿಡಿಸೋದು ಎಕ್ಸ್‌ಎಫ್‌ಟಿ ಅನ್ನೋ ಲೈಬ್ರರಿಯಿಂದ, ಅದು ಒಂದೊಂದು ಅಕ್ಷರ ತಗೊಂಡು ಸಾಲಾಗಿ ಇಡುತ್ತೆ ಅಷ್ಟೇ, ಒತ್ತು ಕೆಳಗೆ ಹೋಗ್ಬೇಕು ಅರ್ಕಾವತ್ತು ಪಕ್ಕಕ್ಕೆ ಬರ್ಬೇಕು ಅನ್ನೋದು ಅದಕ್ಕೆ ತಿಳಿಯಲ್ಲ. ಇಂಗ್ಲಿಷ್ ಮಾತ್ರ ಓದೋರಿಗೆ ಇದು ಕಣ್ಣಿಗೇ ಬೀಳಲ್ಲ, ಆದ್ರಿಂದ ಯಾವ ಹೋಲಿಕೆ ಪಟ್ಟಿಯಲ್ಲೂ ಇದನ್ನ ಬರೆದಿರಲ್ಲ. ಓಪನ್‌ಬಾಕ್ಸ್ ಮತ್ತೆ ಐ3 ಎರಡೂ ಅಕ್ಷರ ಜೋಡಿಸೋದು ತಿಳಿದಿರೋ ಪ್ಯಾಂಗೋ ಲೈಬ್ರರಿ ಬಳಸ್ತವೆ, ಅವುಗಳಲ್ಲಿ ಟೈಟಲ್ ಬಾರ್‌ನಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತೆ. ಪ್ಯಾನೆಲ್‌ಗೆ ಟಿಂಟ್2, ಪ್ರೋಗ್ರಾಂ ಹುಡುಕೋಕೆ ರೋಫಿ, ಇವೂ ಪ್ಯಾಂಗೋದವೇ. ರೋಫಿ ಥರದ್ದೇ ಆದ ಡಿಮೆನು ಬೇಡ, ಅದೂ ಎಕ್ಸ್‌ಎಫ್‌ಟಿನೇ.

ನನ್ನ ಸಲಹೆ ಓಪನ್‌ಬಾಕ್ಸ್. 2015ರ 3.6.1 ಆದ್ಮೇಲೆ ಹೊಸ ಬಿಡುಗಡೆ ಆಗಿಲ್ಲ ನಿಜ, ಆದ್ರೆ ಅದು ಮಾಡೋ ಕೆಲಸ ಮುಗಿದ ಕೆಲಸ, ನಾನು ಇವತ್ತಿಗೂ ದಿನಾ ಅದನ್ನೇ ಬಳಸ್ತೀನಿ.

ಕಲ್ಬುರ್ಗಿ_ಕಮಾಂಡ್‌ಲೈನ್

ನಾ ಆ್ಯಂಟಿಎಕ್ಸ್ ಅನ್ನೋ ಹಗುರ ಲಿನಕ್ಸ್ ಹಾಕ್ರಿ ಅಂತೀನಿ. ಅದರಾಗ ಐಸ್‌ಡಬ್ಲ್ಯೂಎಂ ಮೊದ್ಲೇ ಸೆಟ್ ಆಗಿ ಬರ್ತದ, ಟಾಸ್ಕ್‌ಬಾರ್, ಗಡಿಯಾರ, ಮೆನು ಎಲ್ಲಾ ಐಸ್‌ಡಬ್ಲ್ಯೂಎಂ ಒಳಗೇ ಅದಾವ, ಬ್ಯಾರೆ ಪ್ಯಾನೆಲ್ ಹುಡುಕೋದು ಬ್ಯಾಡ. 1997ರಿಂದ ಇರೋ ಪ್ರಾಜೆಕ್ಟ್, ಇನ್ನೂ ಹೊಸಾ ವರ್ಷನ್ ಬರ್ತಾವ. ವಿಂಡೋಸ್ 95 ನೋಡಿದವರಿಗೆ ಕೈಗೆ ಕೂಡ್ಲೇ ಹತ್ತತದ. ಜೆಡಬ್ಲ್ಯೂಎಂ ಸುದ್ದಾ ಹಂಗೇ, ಪಪ್ಪಿ ಲಿನಕ್ಸ್‌ನಾಗ ಬರ್ತದಲ್ಲ ಅದು, ಭಾಳ ಹಗುರ.

ಧಾರವಾಡ_ಟೈಲಿಂಗ್

ಚೆಂಡೆಮದ್ದಳೆ ಅವರ, ನಿಮ್ಮ ಕೆಲಸ ಕೇಳಿದ ಕೂಡ್ಲೇ ನನಗ ಐ3 ನೆನಪಾತು. ಯಾಕಂದ್ರ ನಿಮಗ ಬೇಕಾಗಿದ್ದು ಎರಡೇ ಕಿಟಕಿ, ಎಡಕ್ಕ ಫೋಟೋ ಬಲಕ್ಕ ಟೈಪಿಂಗ್, ಮತ್ತ ಅವು ಒಂದರ ಮ್ಯಾಲ ಒಂದು ಬರಬಾರದು. ಐ3 ಒಳಗ ಒಂದು ತೆಗದ್ರಿ ಪೂರ್ತಿ ಸ್ಕ್ರೀನ್ ತಗೊಂತದ, ಎರಡನೇದು ತೆಗದ್ರಿ ತಾನಾ ಅರ್ಧರ್ಧ ಆಗಿ ಬಾಜೂಕ್ ಕೂಡ್ತದ. 1280 ಅಗಲದ ಸ್ಕ್ರೀನ್ ಅಂದ್ರ ಒಂದೊಂದಕ್ಕ 640 ಪಿಕ್ಸೆಲ್, ಒಂದಿಷ್ಟೂ ಜಾಗಾ ವೇಸ್ಟ್ ಇಲ್ಲ. ನಮ್ಮ ಅಪ್ಪನ ವಚನದ ಟಿಪ್ಪಣಿ ಎಲ್ಲಾ ನಾ ಹಿಂಗಾ ಟೈಪ್ ಮಾಡಿದ್ದು, ಎರಡು ಚಳಿಗಾಲ ಹಿಡೀತು, ಆದ್ರ ಮೌಸ್ ಮುಟ್ಟಿದ್ದು ಭಾಳ ಕಡಿಮಿ. ಕಾನ್ಫಿಗ್ ಅಂದ್ರ ಒಂದಾ ಟೆಕ್ಸ್ಟ್ ಫೈಲ್, ಡಿಡಬ್ಲ್ಯೂಎಂ ಗತೆ ಪ್ರತಿ ಸಲ ಕಂಪೈಲ್ ಮಾಡೂದಿಲ್ಲ.

ಒಂದು ಮಾತ್ರ ಲಕ್ಷ್ಯ ಇರಲಿ. ಮೊದಲ ಸಲ ಐ3 ಎದ್ದಾಗ ಮಾಡ್ ಕೀ ವಿಂಡೋಸ್ ಕೀ ಇರಲೇನು ಆಲ್ಟ್ ಇರಲೇನು ಅಂತ ಕೇಳ್ತದ. ವಿಂಡೋಸ್ ಕೀ ಅಂದ್ರಿ ಅಂದ್ರ ವಿಂಡೋಸ್ ಮತ್ತ ಸ್ಪೇಸ್ ಒತ್ತಿದಾಗ ಐ3 ತೇಲೋ ಕಿಟಕಿಗೂ ಟೈಲ್ ಕಿಟಕಿಗೂ ಫೋಕಸ್ ಬದಲಿ ಮಾಡ್ತದ, ಐಬಸ್ ಭಾಷಾ ಬದಲಿ ಮಾಡೂದೂ ಅದಾ ಕೀ. ಎರಡೂ ಜಗಳ ಆಡ್ತಾವ. ಐಬಸ್ ಸೆಟ್ಟಿಂಗ್‌ನಾಗ ಕಂಟ್ರೋಲ್ ಸ್ಪೇಸ್ ಮಾಡ್ಕೊಳ್ರಿ, ಇಲ್ಲಾಂದ್ರ ಐ3 ಕಾನ್ಫಿಗ್‌ನಾಗ ಆ ಸಾಲ ತಗದ ಹಾಕ್ರಿ. ನನಗ ಇದು ಗೊತ್ತಾಗೂತನಾ ಒಂದು ವಾರ ಐಬಸ್ಸಾ ಕೆಟ್ಟೈತಿ ಅಂತ ತಿಳ್ಕೊಂಡಿದ್ದೆ.

ಪೆಂಗ್ವಿನ್_ಮೈಸೂರು

ಧಾರವಾಡದವರು ಹೇಳಿದ ಕೀ ಜಗಳ ತುಂಬಾ ಮುಖ್ಯ, ಅದು ನನ್ನ ತಲೆಗೆ ಬಂದಿರ್ಲಿಲ್ಲ. ಆದ್ರೂ ಐ3 ಬಗ್ಗೆ ಒಂದು ಆಕ್ಷೇಪ ಇದೆ, ಮನೇಲಿ ಬೇರೆಯವರೂ ಆ ಲ್ಯಾಪ್‌ಟಾಪ್ ಮುಟ್ಟೋದಾದ್ರೆ ಕ್ಲೋಸ್ ಬಟನ್ ಇಲ್ಲದ ಸ್ಕ್ರೀನ್ ನೋಡಿ ಅವರಿಗೆ ಏನೂ ತೋಚಲ್ಲ. ಓಪನ್‌ಬಾಕ್ಸ್‌ನಲ್ಲೂ ಅರ್ಧರ್ಧ ಮಾಡ್ಬಹುದು. ಅದರ ಎಕ್ಸ್‌ಎಂಎಲ್ ಕಾನ್ಫಿಗ್‌ನಲ್ಲಿ ಮೂವ್‌ರೀಸೈಝ್‌ಟು ಅನ್ನೋ ಆಕ್ಷನ್ ಇದೆ, ಅಗಲ 50 ಪರ್ಸೆಂಟ್ ಎತ್ತರ 100 ಪರ್ಸೆಂಟ್ ಅಂತ ಕೊಟ್ಟು ವಿಂಡೋಸ್ ಕೀ ಮತ್ತೆ ಎಡ ಬಾಣಕ್ಕೆ ಒಂದು, ಬಲ ಬಾಣಕ್ಕೆ ಒಂದು ಕಟ್ಟಿದ್ರೆ ಆಯ್ತು. ಮೊದಲು ಅನ್‌ಮ್ಯಾಕ್ಸಿಮೈಝ್ ಹಾಕಿ, ಇಲ್ಲಾಂದ್ರೆ ಪೂರ್ತಿ ದೊಡ್ಡದಾಗಿರೋ ಕಿಟಕಿ ಮೇಲೆ ಎಡವಟ್ಟಾಗುತ್ತೆ.

ಒಂದೊಂದೇ ಬಿಡಿಭಾಗ ಹುಡುಕಿ ಜೋಡಿಸೋದು ಬೇಡ ಅಂದ್ರೆ ಎಲ್‌ಎಕ್ಸ್‌ಡಿಇ-ಕೋರ್ ಪ್ಯಾಕೇಜ್ ಹಾಕಿ. ಅದು ಒಳಗೆ ಓಪನ್‌ಬಾಕ್ಸೇ, ಜೊತೆಗೆ ಪ್ಯಾನೆಲ್, ಫೈಲ್ ನೋಡೋಕೆ ಪಿಸಿಮ್ಯಾನ್‌ಎಫ್‌ಎಂ ಬರುತ್ತೆ.

ಇನ್ನೊಂದು ಮಾತು, ರ‍್ಯಾಮ್ ಲೆಕ್ಕದ ಬಗ್ಗೆ. ಯಾವ ಡಬ್ಲ್ಯೂಎಂ ಎಷ್ಟು ಎಂಬಿ ಅಂತ ಜನ ಜಗಳ ಆಡ್ತಾರೆ, ಈ ಹಗುರ ಡಬ್ಲ್ಯೂಎಂಗಳ ಮಧ್ಯೆ ವ್ಯತ್ಯಾಸ ಹತ್ತಿಪ್ಪತ್ತು ಎಂಬಿ ಲೆಕ್ಕದ್ದು, ಬ್ರೌಸರ್‌ನ ಒಂದೇ ಒಂದು ಟ್ಯಾಬ್ ಅದನ್ನ ನುಂಗಿಹಾಕುತ್ತೆ. ಗ್ನೋಮ್ ಬಿಟ್ಟು ಇವುಗಳಲ್ಲಿ ಯಾವುದಕ್ಕೆ ಬಂದ್ರೂ ದೊಡ್ಡ ಉಳಿತಾಯ ಅಲ್ಲೇ ಆಗಿಹೋಯ್ತು. ಅದಾದ್ಮೇಲೆ ಜೆಡ್‌ರ‍್ಯಾಮ್-ಟೂಲ್ಸ್ ಹಾಕಿ, ರ‍್ಯಾಮ್‌ನ ಒಂದು ಭಾಗದಲ್ಲೇ ಕಂಪ್ರೆಸ್ ಮಾಡಿ ಸ್ವಾಪ್ (ರ‍್ಯಾಮ್ ತುಂಬಿದಾಗ ಬಳಸೋ ಜಾಗ) ಇಡುತ್ತೆ, ತಿರುಗೋ ಡಿಸ್ಕ್ ಇರೋರಿಗೆ ಇದು ದೊಡ್ಡ ಉಪಕಾರ. ದುಡ್ಡು ಇದ್ದಾಗ ಸಣ್ಣದೊಂದು ಸಾಟಾ ಎಸ್‌ಎಸ್‌ಡಿ ಹಾಕ್ಸಿ.

ಕಲ್ಬುರ್ಗಿ_ಕಮಾಂಡ್‌ಲೈನ್

ಬಿಡಿಭಾಗ ಜೋಡಸೋದರಾಗ ಒಂದು ಮರೀಬ್ಯಾಡ್ರಿ, ಕ್ಲಿಪ್‌ಬೋರ್ಡ್. ಸ್ಕ್ರೀನ್ ನಡಸೋ ಎಕ್ಸ್‌ನಾಗ ಕಾಪಿ ಮಾಡಿದ್ದು ಆ ಪ್ರೋಗ್ರಾಂ ಹತ್ರಾನೇ ಇರ್ತದ, ಅದನ್ನ ಬಂದ್ ಮಾಡಿದ್ರ ಪೇಸ್ಟ್ ಮಾಡ್ಲಿಕ್ಕ ಏನೂ ಉಳಿಯಲ್ಲ. ಗ್ನೋಮ್ ಅದನ್ನ ತಾನೇ ಹಿಡ್ಕೊಂಡಿರ್ತದ, ಬರೀ ಡಬ್ಲ್ಯೂಎಂನಾಗ ಪಾರ್ಸಲೈಟ್ ಅಂಥದ್ದು ಒಂದು ಬೇಕು. ಒಂದಿಡೀ ಪದ್ಯ ಕಟ್ ಮಾಡಿ ಕಿಟಕಿ ಮುಚ್ಚಿ ಕಳ್ಕೊಂಡೀನಿ ನಾ, ನಿಮಗ ಹಂಗಾಗಬಾರದು.

ಸಾಗರ_ವೇಲ್ಯಾಂಡ್

ಎಕ್ಸ್ ಬಿಟ್ಟು ಅದರ ಜಾಗಕ್ಕೆ ಬರ್ತಿರೋ ವೇಲ್ಯಾಂಡ್‌ಗೆ ಹೋಗೋ ಯೋಚನೆ ಇದ್ರೆ ಲ್ಯಾಬ್‌ಡಬ್ಲ್ಯೂಸಿ ನೋಡ್ಬಹುದು, ಓಪನ್‌ಬಾಕ್ಸ್ ರೀತಿಯದ್ದೇ ಕಾನ್ಫಿಗ್, ರಾಸ್ಪ್‌ಬೆರಿ ಪೈ ಓಎಸ್ 2024ರಲ್ಲಿ ಅದಕ್ಕೆ ಬದಲಾಯ್ತು. ಐ3 ಬೇಕಾದ್ರೆ ಅದರ ಜೋಡಿ ಸ್ವೇ ಇದೆ. ಆದ್ರೆ ಕನ್ನಡ ಇನ್‌ಪುಟ್ ಅಲ್ಲಿ ಹೊಂದಿಸೋದು ಬೇರೆನೇ ದಾರಿ, ನಿಮ್ಮ ಕೆಲಸ ಅರ್ಧದಲ್ಲಿದೆ, ಈಗ ಎಕ್ಸ್‌ನಲ್ಲೇ ಇರಿ ಅಂತ ನನ್ನ ಅಭಿಪ್ರಾಯ.

ಇನ್ನೂ ಹಗುರ ಮಾಡ್ಬೇಕು ಅಂದ್ರೆ ಐಬಸ್ಸೇ ಇಲ್ಲದೆ ಟೈಪ್ ಮಾಡ್ಬಹುದು, ಸೆಟ್‌ಎಕ್ಸ್‌ಕೆಬಿಮ್ಯಾಪ್ ಕಮಾಂಡ್‌ನಲ್ಲಿ ಇಂಡಿಯಾ ಲೇಔಟ್‌ನ ಕನ್ನಡ ವೇರಿಯಂಟ್ ಕೊಟ್ರೆ ಇನ್‌ಸ್ಕ್ರಿಪ್ಟ್ ಕೀ ಜೋಡಣೆ ಬರುತ್ತೆ. ಕಗಪ ಅಂತ ಇನ್ನೊಂದು ವೇರಿಯಂಟ್ ಕೂಡ ಇದೆ, ಆದ್ರೆ ನುಡಿ ಅಭ್ಯಾಸ ಇರೋರಿಗೆ ಸ್ವಲ್ಪ ಎಡವುತ್ತೆ, ಯಾಕಂದ್ರೆ ಎಕ್ಸ್‌ಗೆ ಹಿಂದೆ ಒತ್ತಿದ್ದು ವ್ಯಂಜನವೋ ಅಲ್ವೋ ಅನ್ನೋದು ಗೊತ್ತಾಗಲ್ಲ, ಹಾಗಾಗಿ ಅ ಆ ಇ ಸ್ವರಕ್ಕೂ ಕಾ ಕಿ ಗುಣಿತಕ್ಕೂ ಬೇರೆ ಬೇರೆ ಒತ್ಬೇಕು. ನುಡಿ ಥರಾನೇ ಬೇಕಂದ್ರೆ ಐಬಸ್‌ನಲ್ಲಿ ಎಂ17ಎನ್ ಪ್ಯಾಕೇಜ್‌ನ ಕೆಜಿಪಿ (ಕಗಪ) ಲೇಔಟ್ ಇಟ್ಕೊಳಿ.

ಚೆಂಡೆಮದ್ದಳೆ

ಎಲ್ರಿಗೂ ತುಂಬ ಧನ್ಯವಾದ. ನಿನ್ನೆ ರಾತ್ರಿ ಕೂತು ಮಾಡ್ದೆ. ಧಾರವಾಡದವರ ಮಾತು ಕೇಳಿ ಐ3 ಮನಸ್ಸಿಗೆ ಹಿಡಿದಿತ್ತು, ಆದ್ರೆ ತಂಗಿ ಇದ್ರಲ್ಲೇ ಆನ್‌ಲೈನ್ ಫಾರ್ಮ್ ತುಂಬೋದು, ಹಾಗಾಗಿ ಎಲ್‌ಎಕ್ಸ್‌ಡಿಇ-ಕೋರ್ ಹಾಕಿದ್ದು. ಲೈಟ್‌ಡಿಎಂನಿಂದ ಲಾಗಿನ್ ಆಗಿ ಐಎಂ-ಕಾನ್ಫಿಗ್ ಕೊಟ್ಟ ಕೂಡ್ಲೇ ಕನ್ನಡ ಬಂತು, ಟೈಟಲ್ ಬಾರ್‌ನಲ್ಲಿ ವಾರ್ಧಕ ಸರಿಯಾಗಿ ಕಂಡದ್ದು ನೋಡಿ ಅಮ್ಮನನ್ನ ಕರೆದು ತೋರಿಸ್ದೆ.

ಆದ್ರೆ ಒಂದು. ಬಾಣದ ಕೀಗೆ ಆ ಆಕ್ಷನ್ ಬರ್ದು ಓಪನ್‌ಬಾಕ್ಸ್ ಕಾನ್ಫಿಗ್ ಫೈಲ್ ಆರ್‌ಸಿ ಡಾಟ್ ಎಕ್ಸ್‌ಎಂಎಲ್‌ನಲ್ಲಿ ಸೇವ್ ಮಾಡ್ದೆ, ರೀಕಾನ್ಫಿಗರ್ ಕೊಟ್ಟೆ, ರೀಸ್ಟಾರ್ಟ್ ಕೂಡ ಮಾಡ್ದೆ, ಏನೂ ಆಗ್ತಾ ಇಲ್ಲ. ಏನು ತಪ್ಪಿರ್ಬಹುದು?

ಪೆಂಗ್ವಿನ್_ಮೈಸೂರು

ಅಯ್ಯೋ ಇದು ನಾನು ಹೇಳ್ಬೇಕಿತ್ತು, ಕ್ಷಮಿಸಿ. ಎಲ್‌ಎಕ್ಸ್‌ಡಿಇ ಸೆಷನ್ ಒಳಗೆ ಓಪನ್‌ಬಾಕ್ಸ್ ಓದೋದು ಆ ಫೈಲ್ ಅಲ್ಲ, ಅದೇ ಫೋಲ್ಡರ್‌ನಲ್ಲಿ ಎಲ್‌ಎಕ್ಸ್‌ಡಿಇ-ಆರ್‌ಸಿ ಡಾಟ್ ಎಕ್ಸ್‌ಎಂಎಲ್ ಅಂತ ಇನ್ನೊಂದು ಇರುತ್ತೆ. ಬರೆದಿದ್ದನ್ನ ಹಾಗೇ ಅದಕ್ಕೆ ಕಾಪಿ ಮಾಡಿ, ಕೀಬೋರ್ಡ್ ಅನ್ನೋ ಭಾಗದ ಒಳಗೇ ಇರ್ಬೇಕು, ಹೊರಗೆ ಬಿದ್ರೆ ಕೆಲಸ ಮಾಡಲ್ಲ.

ಚೆಂಡೆಮದ್ದಳೆ

ಆಯ್ತು ಸರ್! ಎಡ ಬಾಣಕ್ಕೆ ಅಜ್ಜನ ಪುಟ, ಬಲ ಬಾಣಕ್ಕೆ ಲಿಬ್ರೆಆಫೀಸ್. ಜೆಡ್‌ರ‍್ಯಾಮ್, ಪಾರ್ಸಲೈಟ್ ಎರಡೂ ಹಾಕಿದ್ದೇನೆ. ಫೋಟೋಗಳ ಇನ್ನೊಂದು ಕಾಪಿ ಅಣ್ಣನ ಮನೆಯ ಹಾರ್ಡ್ ಡಿಸ್ಕ್‌ಗೆ ಈ ಭಾನುವಾರ ಹೋಗ್ತದೆ. ನಿನ್ನೆ ಹತ್ತೂವರೆಯಿಂದ ಹನ್ನೆರಡರ ಒಳಗೆ ಏಳು ಪುಟ ಆಯ್ತು, ಗ್ನೋಮ್‌ನಲ್ಲಿ ಮೂರು ದಾಟಿದ್ದೇ ಇಲ್ಲ. ಈಗ ಮೂರನೇ ನೋಟ್‌ಬುಕ್‌ನಲ್ಲಿ ಇದ್ದೇನೆ.

ಧಾರವಾಡ_ಟೈಲಿಂಗ್

ಭಾಳ ಚಲೋ ಆತು. ಹದಿನಾಲ್ಕೂ ಮುಗದ ಮ್ಯಾಲ ಇಲ್ಲೇ ತಿಳಸ್ರಿ, ಪ್ರೂಫ್ ನೋಡೋ ಕೆಲಸ ಇದ್ರ ನಂಗ ಒಂದೆರಡು ನೋಟ್‌ಬುಕ್ ಕಳಸ್ರಿ.