ಪ್ರಕಟನೆಯ ಮೃಗ, ಏಳು ತಲೆ, 666: ಯಾರು ಅಂತ ಹೇಗೆ ತಿಳಿಯುವುದು?

ಪ್ರಶ್ನೆ: ಸರ್, ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 13ನೇ ಅಧ್ಯಾಯದಲ್ಲಿ ಸಮುದ್ರದಿಂದ ಏರಿ ಬರುವ ಮೃಗವನ್ನು ಒಬ್ಬರು ರೋಮ್ ಸಾಮ್ರಾಜ್ಯ ಅನ್ನುತ್ತಾರೆ, ಇನ್ನೊಬ್ಬರು ಮುಂದೆ ಬರಲಿರುವ ಕ್ರಿಸ್ತವಿರೋಧಿ ಅನ್ನುತ್ತಾರೆ. ಏಳು ತಲೆ, ಹತ್ತು ಕೊಂಬು ಅಂದರೆ ಏನು? ಯಾವ ಆಧಾರದ ಮೇಲೆ ಇದನ್ನೆಲ್ಲ ಹೇಳುತ್ತಾರೆ?

ಉತ್ತರ: ಮೊದಲು ಒಂದು ಗಂಟು ಬಿಡಿಸಿಕೊಳ್ಳಿ. 'ಕ್ರಿಸ್ತವಿರೋಧಿ' ಎಂಬ ಪದ ಪ್ರಕಟನೆ ಪುಸ್ತಕದಲ್ಲಿ ಒಂದು ಸಲವೂ ಬರುವುದಿಲ್ಲ. ಅದಿರುವುದು ಯೋಹಾನನ ಮೊದಲನೆಯ ಪತ್ರದಲ್ಲಿ (2:18, 2:22, 4:3) ಮತ್ತು ಎರಡನೆಯ ಪತ್ರದ 7ನೇ ವಚನದಲ್ಲಿ, ಅಷ್ಟೇ. ಅಲ್ಲೂ ಅಂಥವರು ಈಗಾಗಲೇ ಹಲವರು ಎದ್ದಿದ್ದಾರೆ ಎಂದಿದೆ. ಥೆಸಲೊನೀಕದವರಿಗೆ ಬರೆದ ಎರಡನೆಯ ಪತ್ರದ 2ನೇ ಅಧ್ಯಾಯದಲ್ಲಿ 'ಅಧರ್ಮಸ್ವರೂಪಿ' ಬರುತ್ತಾನೆ. ಪ್ರಕಟನೆಯಲ್ಲಿರುವುದು 'ಮೃಗ'. ಈ ಮೂರನ್ನೂ ಒಂದೇ ವ್ಯಕ್ತಿಯ ಚಿತ್ರವಾಗಿ ಹೊಲಿದವರು ಆದಿಸಭೆಯ ಬರಹಗಾರರು. ಸುಮಾರು ಕ್ರಿ.ಶ. 180ರಲ್ಲಿ ಬರೆದ ಐರೇನಿಯಸ್ ಅವರಲ್ಲಿ ಮುಖ್ಯ. ಹೊಲಿಗೆ ಸರಿಯಿರಬಹುದು, ಆದರೆ ಅದು ಹೊಲಿಗೆ ಎಂಬುದು ನೆನಪಿರಲಿ.

ಇನ್ನು ಓದುವ ಕ್ರಮ. ಪುಸ್ತಕ ತಾನೇ ಅರ್ಥ ಬಿಡಿಸಿ ಹೇಳಿರುವ ವಚನಗಳಿಗೆ ಮೊದಲು ಗೆರೆ ಎಳೆಯಿರಿ. 1:20ರಲ್ಲಿ ಏಳು ದೀಪಸ್ತಂಭಗಳು ಏಳು ಸಭೆಗಳು. 5:8ರಲ್ಲಿ ಧೂಪ ಎಂದರೆ ದೇವಜನರ ಪ್ರಾರ್ಥನೆ. 12:9ರಲ್ಲಿ ಘಟಸರ್ಪ ಎಂದರೆ ಸೈತಾನ. 17ನೇ ಅಧ್ಯಾಯದಲ್ಲಂತೂ ದೇವದೂತನೇ ಪಾಠ ಮಾಡುತ್ತಾನೆ: ಏಳು ತಲೆ ಏಳು ಬೆಟ್ಟಗಳು, ಏಳು ಅರಸರೂ ಹೌದು (17:9-10), ಹತ್ತು ಕೊಂಬು ಇನ್ನೂ ರಾಜ್ಯ ಸಿಕ್ಕಿರದ ಹತ್ತು ಅರಸರು (17:12), ನೀರು ಎಂದರೆ ಜನಾಂಗಗಳು (17:15), ಮೃಗದ ಮೇಲೆ ಕುಳಿತ ಹೆಂಗಸು ಭೂರಾಜರ ಮೇಲೆ ಆಳುವ ಮಹಾನಗರ (17:18). ಇಷ್ಟಕ್ಕೆ ಯಾರೂ ಹೊಸ ಅರ್ಥ ಹುಡುಕಬೇಕಿಲ್ಲ. ಆದರೂ ಜನ ಹುಡುಕುತ್ತಾರೆ.

ಎರಡನೆಯದು ಹಳೆಯ ಒಡಂಬಡಿಕೆ. ದಾನಿಯೇಲ 7ರಲ್ಲಿ ಸಿಂಹ, ಕರಡಿ, ಚಿರತೆ, ಹತ್ತು ಕೊಂಬಿನ ಹೆಸರಿಲ್ಲದ ಪ್ರಾಣಿ, ಹೀಗೆ ನಾಲ್ಕು ಸಮುದ್ರದಿಂದ ಏರಿ ಬರುತ್ತವೆ. ಪ್ರಕಟನೆ 13:2ರ ಮೃಗಕ್ಕೆ ಚಿರತೆಯ ಮೈ, ಕರಡಿಯ ಕಾಲು, ಸಿಂಹದ ಬಾಯಿ, ಜತೆಗೆ ಹತ್ತು ಕೊಂಬು. ನಾಲ್ಕನ್ನೂ ಒಂದೇ ಮೈಯಲ್ಲಿ ಸೇರಿಸಿದೆ. ನಾಲ್ಕು ಪ್ರಾಣಿಗಳ ತಲೆಗಳನ್ನು ಕೂಡಿಸಿ ನೋಡಿ: ಚಿರತೆಗೆ ನಾಲ್ಕು, ಉಳಿದವಕ್ಕೆ ಒಂದೊಂದು, ಒಟ್ಟು ಏಳು. ದಾನಿಯೇಲನಲ್ಲಿ ಪ್ರಾಣಿ ಎಂದರೆ ಅರಸ ಮತ್ತು ಅವನ ರಾಜ್ಯ (7:17, 7:23). 8:20-21ರಲ್ಲಿ ಟಗರು ಮೇದ್ಯ ಪಾರಸಿಯ, ಹೋತ ಗ್ರೀಕ್ ಎಂದು ಹೆಸರು ಹಿಡಿದೇ ಹೇಳಿದೆ. ಆದ್ದರಿಂದ ಮೃಗವನ್ನು ಬರೀ ಒಬ್ಬ ಮನುಷ್ಯ ಅಂತ ಓದಿದರೆ ಅರ್ಧ ಕೈಬಿಡುತ್ತದೆ. ಅದು ಮೊದಲು ಆಳುವ ಶಕ್ತಿ, ಆಮೇಲೆ ಆ ಶಕ್ತಿಯ ಮುಖವಾಗಿ ನಿಲ್ಲುವ ಅರಸ.

ಪ್ರಶ್ನೆ: ರೋಮ್ ಏಳು ಬೆಟ್ಟಗಳ ಮೇಲಿನ ನಗರ, ಹಾಗಾಗಿ ಏಳು ಬೆಟ್ಟ ಅಂದರೆ ರೋಮ್ ಅಂತ ಗೊತ್ತಾಯಿತು. 17:10ರಲ್ಲಿ ಆ ಏಳು ಅರಸರ ಬಗ್ಗೆ 'ಐವರು ಬಿದ್ದುಹೋದರು, ಒಬ್ಬನಿದ್ದಾನೆ' ಅಂತಿದೆಯಲ್ಲ, ಚಕ್ರವರ್ತಿಗಳನ್ನು ಎಣಿಸಿದರೆ ಆರನೆಯವನು ಸಿಗಬೇಕಲ್ಲವೇ?

ಉತ್ತರ: ಸಿಗುತ್ತಾನೆ. ಒಬ್ಬನಲ್ಲ, ಮೂವರು. ಜೂಲಿಯಸ್ ಸೀಸರನಿಂದ ಎಣಿಸಿದರೆ ಆರನೆಯವನು ನೀರೋ. ಔಗುಸ್ತನಿಂದ ಎಣಿಸಿದರೆ ಗಾಲ್ಬ. ಔಗುಸ್ತನಿಂದಲೇ ಹೊರಟು, 68-69ರಲ್ಲಿ ಕೆಲವೇ ತಿಂಗಳು ಆಳಿದ ಗಾಲ್ಬ, ಓಥೋ, ವಿಟೆಲ್ಲಿಯಸ್ ಮೂವರನ್ನೂ ಬಿಟ್ಟರೆ ವೆಸ್ಪೇಸಿಯನ್. ಪುಸ್ತಕ ಡೊಮಿಷಿಯನ್ ಆಳ್ವಿಕೆಯ (81-96) ಕೊನೆಯಲ್ಲಿ ಬಂತು ಎಂಬುದು ಐರೇನಿಯಸ್ ಕೊಡುವ ಮಾಹಿತಿ. ಈ ಮೂರು ಲೆಕ್ಕಗಳಲ್ಲಿ ಒಂದೂ ಅವನಲ್ಲಿಗೆ ಮುಟ್ಟುವುದಿಲ್ಲ. ಹಾಗಾಗಿ ಏಳು ಎಂಬುದು ಪೂರ್ಣತೆಯ ಸಂಖ್ಯೆ, ಹೆಸರುಪಟ್ಟಿಯಲ್ಲ ಎಂದು ಓದುವವರ ಕಡೆಗೇ ನನ್ನ ತೂಕ. ತಲೆ ಎಣಿಸಿ ಪುಸ್ತಕದ ಕಾಲ ನಿರ್ಧರಿಸಲು ಹೋಗಬೇಡಿ.

ಪ್ರಶ್ನೆ: 13:18ರಲ್ಲಿ ಮೃಗದ ಸಂಖ್ಯೆ ಎಂದಿರುವ 666ನ್ನು ನೀರೋ ಅಂತ ಹೇಗೆ ತರುತ್ತಾರೆ? ಈಗಿನ ನಾಯಕರ ಹೆಸರಿಗೂ ಲೆಕ್ಕ ಹಾಕಿ ತೋರಿಸುವ ವಿಡಿಯೋಗಳಿವೆ.

ಉತ್ತರ: ಹೀಬ್ರೂವಿನಲ್ಲೂ ಗ್ರೀಕಿನಲ್ಲೂ ಅಕ್ಷರಗಳೇ ಅಂಕಿಗಳಾಗಿದ್ದವು. 'ನೆರೋನ್ ಕೇಸರ್' ಎಂಬುದನ್ನು ಹೀಬ್ರೂ ಅಕ್ಷರದಲ್ಲಿ ಬರೆದರೆ: ನೂನ್ 50, ರೇಶ್ 200, ವಾವ್ 6, ನೂನ್ 50, ಕೋಫ್ 100, ಸಾಮೆಖ್ 60, ರೇಶ್ 200. ಕೂಡಿಸಿ, 666. ಲ್ಯಾಟಿನ್ ರೂಢಿಯಂತೆ 'ನೆರೋ' ಎಂದು ಕೊನೆಯ ನೂನ್ ಬಿಟ್ಟರೆ 50 ಕಳೆದು 616. ಕೆಲವು ಹಳೆಯ ಕೈಬರಹಗಳಲ್ಲಿ 616 ಎಂದೇ ಇದೆ. 115ನೇ ಸಂಖ್ಯೆಯ ಪಪೈರಸ್ ಅದರಲ್ಲೊಂದು. ಎರಡು ಸಂಖ್ಯೆಗಳೂ ಒಂದೇ ಹೆಸರಿಗೆ ಕೂಡಿಬರುವುದು ಈ ವಾದದ ದೊಡ್ಡ ಬಲ.

ದೌರ್ಬಲ್ಯವೂ ಇದೆ. 'ಕೇಸರ್' ಬರೆಯುವಾಗ ಯೋದ್ (10) ಸೇರಿಸುವ ರೂಢಿ ಹೆಚ್ಚು. ಸೇರಿಸಿದರೆ 676 ಆಗುತ್ತದೆ. ಯೋದ್ ಇಲ್ಲದ ಬರವಣಿಗೆ ನೀರೋ ಕಾಲದ ಒಂದು ಅರಾಮಿಕ್ ಪತ್ರದಲ್ಲಿ, ಮೃತಸಮುದ್ರದ ಹತ್ತಿರದ ಮುರಬ್ಬಾತ್ ಕಣಿವೆಯಲ್ಲಿ ಸಿಕ್ಕಿದ್ದರಿಂದ ಆಕ್ಷೇಪಣೆ ಅಷ್ಟು ಗಟ್ಟಿಯಾಗಿ ಉಳಿದಿಲ್ಲ. ಇನ್ನೊಂದು ಸಂಗತಿ: ಐರೇನಿಯಸ್‌ಗೆ 616 ಗೊತ್ತಿತ್ತು, ತಪ್ಪು ಎಂದು ತಳ್ಳಿದ, ಗ್ರೀಕಿನಲ್ಲಿ 666 ಆಗುವ ಯುವಾಂಥಾಸ್, ಲಾಟೀನೋಸ್, ಟೈಟಾನ್ ಎಂಬ ಹೆಸರುಗಳನ್ನು ಕೊಟ್ಟ, ಯಾವುದನ್ನೂ ಖಚಿತ ಎನ್ನಲಿಲ್ಲ. ನೀರೋ ಹೆಸರನ್ನು ಅವನು ಎತ್ತುವುದೇ ಇಲ್ಲ.

ವಿಡಿಯೋಗಳ ಲೆಕ್ಕ ಎಡವುವುದು ಇಲ್ಲೇ. ಇಂಗ್ಲಿಷ್ ಅಕ್ಷರಗಳಿಗೆ ಆ ಕಾಲದ ಬೆಲೆಪಟ್ಟಿ ಇಲ್ಲ. 'ಎ'ಗೆ 6, 'ಬಿ'ಗೆ 12 ಅಂತ ತಾವೇ ಕಟ್ಟಿಕೊಂಡರೆ ಯಾರನ್ನು ಬೇಕಾದರೂ ಮೃಗ ಮಾಡಬಹುದು. ಬಲಗೈ, ಹಣೆಯ ಮೇಲೆ ಹಾಕಿಸುವ ಮೃಗದ ಗುರುತನ್ನು (13:16) ಚಿಪ್ ಎನ್ನುವವರು 13:18ಕ್ಕೇ ನಿಲ್ಲಿಸದೆ ಮುಂದಿನ ವಚನ 14:1 ಓದಲಿ: ಕುರಿಯಾದಾತನ, ಅಂದರೆ ಕ್ರಿಸ್ತನ, ಜನರ ಹಣೆಯ ಮೇಲೂ ಹೆಸರಿದೆ. ಅದನ್ನು ಯಾರೂ ಚಿಪ್ ಅನ್ನುವುದಿಲ್ಲ. ಎರಡೂ ಯಾರಿಗೆ ಸೇರಿದವರು ಎಂಬುದರ ಗುರುತು. ಹಿನ್ನೆಲೆ, ದೇವರ ಮಾತನ್ನು ಕೈಗೂ ಹಣೆಗೂ ಗುರುತಾಗಿ ಕಟ್ಟಿಕೊಳ್ಳಿ ಎನ್ನುವ ಧರ್ಮೋಪದೇಶಕಾಂಡ 6:8.

ಪ್ರಶ್ನೆ (ಇನ್ನೊಬ್ಬರು): ಬ್ರದರ್, ನೀವು ಹೇಳುವುದು ಕೇಳಿದರೆ ಎಲ್ಲ ಒಂದನೇ ಶತಮಾನದಲ್ಲೇ ಮುಗಿದಂತಿದೆ. ಮುಂದೆ ಬರುವವನು ಯಾರೂ ಇಲ್ಲವೇ?

ಉತ್ತರ: ಹಾಗಂದಿಲ್ಲ. ಭವಿಷ್ಯಕ್ಕೆ ಓದುವವರ ಕೈಯಲ್ಲಿ ಎರಡು ಗಟ್ಟಿ ವಚನಗಳಿವೆ. 2 ಥೆಸಲೊನೀಕ 2:8ರಲ್ಲಿ ಅಧರ್ಮಸ್ವರೂಪಿ ನಾಶವಾಗುವುದು ಕರ್ತನ ಬರುವಿಕೆಯಲ್ಲಿ. ಪ್ರಕಟನೆ 19:20ರಲ್ಲಿ ಮೃಗವನ್ನೂ ಸುಳ್ಳು ಪ್ರವಾದಿಯನ್ನೂ ಜೀವಸಹಿತ ಬೆಂಕಿಯ ಕೆರೆಗೆ ಹಾಕಲಾಗುತ್ತದೆ. ನೀರೋ 68ರಲ್ಲಿ ತಾನೇ ಜೀವ ತೆಗೆದುಕೊಂಡ. ಅವನಲ್ಲೇ ಎಲ್ಲ ಮುಗಿಯಿತು ಎನ್ನುವವರು ಇದಕ್ಕೆ ಉತ್ತರ ಹೇಳಬೇಕು. ರೋಮ್ ಮೊದಲ ಅಚ್ಚು, ಅದೇ ಅಚ್ಚಿನಲ್ಲಿ ಕೊನೆಯದೊಂದು ಬರುತ್ತದೆ ಎಂದರೆ ಎರಡು ಕಡೆಯ ವಚನಗಳೂ ಉಳಿಯುತ್ತವೆ.

ಎಚ್ಚರಿಕೆ ಬೇಕಾದದ್ದು ತಾರೀಕಿನ ವಿಷಯದಲ್ಲಿ. ಪ್ರಕಟನೆಯಲ್ಲಿ ಬರುವ 42 ತಿಂಗಳು, 1260 ದಿನ, ಮೂರೂವರೆ ಕಾಲ (ಅಂದರೆ ವರ್ಷ), ಮೂರೂ ಒಂದೇ ಅಳತೆ (42×30=1260), ಏಳರ ಅರ್ಧ. ಯೆಹೆಜ್ಕೇಲ 4:6 ಹಿಡಿದು ದಿನವನ್ನು ವರ್ಷ ಮಾಡಿದವರು ಬಹಳ ಮಂದಿ. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ದಾನಿಯೇಲ 8:14ರ 2300 ದಿನಗಳನ್ನು ವರ್ಷವೆಂದು ಹಿಡಿದು ಕ್ರಿ.ಪೂ. 457ರಿಂದ ಎಣಿಸಿದ, ಅವನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತನ ಬರುವಿಕೆಗೆ ಕಾದು ಕುಳಿತರು, ಆತ ಬರಲಿಲ್ಲ. ಕೂಡಿಸಿದ್ದು ಸರಿಯಿತ್ತು, ಎಲ್ಲಿಂದ ಹೊರಡಬೇಕು, ದಿನ ವರ್ಷವಾಗುವುದು ಯಾವಾಗ ಎಂಬ ಎರಡನ್ನೂ ವಚನ ಹೇಳಿರಲಿಲ್ಲ.

ಪ್ರಶ್ನೆ: ಕೊನೆಯದಾಗಿ, ಪ್ರಕಟನೆ 7ರ 1,44,000 ಮಂದಿ ಯಾರು? ಬಿಳಿ ಕುದುರೆಯ ಸವಾರ ಕ್ರಿಸ್ತನೇ?

ಉತ್ತರ: 12×12×1000. ಅಲ್ಲಿನ ಇಸ್ರಾಯೇಲ್ ಕುಲಗಳ ಪಟ್ಟಿಯಲ್ಲಿ ದಾನ್ ಕುಲವಿಲ್ಲ, ಯೋಸೇಫನೂ ಅವನ ಮಗ ಮನಸ್ಸೆಯೂ ಬೇರೆಬೇರೆಯಾಗಿದ್ದಾರೆ, ಜನಗಣತಿಯಾಗಿದ್ದರೆ ಹೀಗಿರುತ್ತಿರಲಿಲ್ಲ. ಯೋಹಾನನು ಸಂಖ್ಯೆಯನ್ನು 'ಕೇಳುತ್ತಾನೆ' (7:4), ತಿರುಗಿ 'ನೋಡಿದಾಗ' ಎಣಿಸಲಾಗದ ಮಹಾಸಮೂಹ (7:9). 5:5-6ರಲ್ಲೂ ಹೀಗೆಯೇ: ಕೇಳಿದ್ದು ಸಿಂಹ, ಕಂಡದ್ದು ಕುರಿ. ಕೇಳಿದ್ದೂ ಕಂಡದ್ದೂ ಒಂದೇ ಎಂದು ನಾನು ಓದುತ್ತೇನೆ. ಇವರು ಯೆಹೂದ್ಯ ವಿಶ್ವಾಸಿಗಳು, ಬೇರೆಯೇ ಗುಂಪು ಎನ್ನುವವರೂ ಇದ್ದಾರೆ.

ಬಿಳಿ ಕುದುರೆ: 19:11ರ ಸವಾರ ಕ್ರಿಸ್ತ, ಅನುಮಾನವಿಲ್ಲ. 6:2ರವನು ಬೇರೆ ಅನಿಸುತ್ತದೆ. ಒಬ್ಬನ ಬಾಯಿಂದ ಕತ್ತಿ ಹೊರಡುತ್ತದೆ, ಇನ್ನೊಬ್ಬನ ಕೈಯಲ್ಲಿ ಬಿಲ್ಲು. ಬಿಲ್ಲು ಹಿಡಿದ ಕುದುರೆ ಸವಾರ ಎಂದರೆ ರೋಮಿನವರಿಗೆ ನೆನಪಾಗುತ್ತಿದ್ದದ್ದು ಗಡಿಯಾಚೆಯ ಪಾರ್ಥಿಯರು. ಅವನ ಹಿಂದೆ ಬರುವವರು ಯುದ್ಧ, ಬರ, ಸಾವು. ಬರದ ಸವಾರ ತಕ್ಕಡಿ ಹಿಡಿದು ಬಂದಾಗ ಒಂದು ದಿನದ ಕೂಲಿಗೆ ಸಿಗುವುದು ಸುಮಾರು ಒಂದು ಲೀಟರ್ ಅಳತೆಯ ಗೋಧಿ, ಒಬ್ಬ ಆಳಿನ ಒಂದು ದಿನದ ಊಟ. ಅಂಥ ಮೆರವಣಿಗೆಯ ಮುಂದೆ ಕ್ರಿಸ್ತನನ್ನು ನಿಲ್ಲಿಸುವುದು ಕಷ್ಟ.