ಬೆಳಗಾವ್ಯಾಗ ತೋಪಿನ ಜೀಪು ಮಾರಾಟಕ್ಕ?

ಗುಂಪು: ನಮ್ಮ ಮನೆತನ, ಗೋಕಾಕ

ಬಸು (ಫಾರ್ವರ್ಡ್ ಆದದ್ದು): ‼️ಎಲ್ಲರಿಗೂ ತಲುಪಿಸಿ‼️ 1965ರ ಯುದ್ಧದಲ್ಲಿ ವೀರ ಅಬ್ದುಲ್ ಹಮೀದ್ ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳನ್ನು ಧ್ವಂಸ ಮಾಡಿದ ಅಸಲಿ ಜೀಪು ಬೆಳಗಾವಿಯಲ್ಲಿ ಗುಜರಿ ಬೆಲೆಗೆ! ಜಗತ್ತಿನಲ್ಲಿ ಉಳಿದಿರುವುದು ಇದೊಂದೇ. ತೋಪಿನ ಸಮೇತ 6 ಲಕ್ಷ. 25 ಸಾವಿರ ಅಡ್ವಾನ್ಸ್ ಕೊಟ್ಟವರಿಗೆ ಮೊದಲು.

ದೊಡ್ಡಕಾಕಾ: ದೇಶಕ್ಕ ಜೀವಾ ಕೊಟ್ಟವರ ಗಾಡಿ ಗುಜರಿಗೆ ಬಂತಲ್ಲ. ನಾಚಿಕಿ ಆಗಬೇಕು ನಮಗೆಲ್ಲಾ. 🙏

ಪ್ರವೀಣ: ಕಾಕಾ, ಮೊದಲು ಎಲ್ಲಿಂದ ಬಂತು ಅಂತ ಕೇಳ್ರಿ. ಬಸ್ಯಾ, ಯಾರು ಕಳಿಸಿದ್ರು?

ಬಸು: ಗ್ಯಾರೇಜ್ ಗ್ರೂಪಿನ್ಯಾಗ ಬಂದಿತ್ತು. ಫೋಟೋ ಐತಲ್ಲ, ನೋಡು.

ಪ್ರವೀಣ: ನೋಡೇ ಕೇಳಾಕತ್ತೀನಿ. ಫೋಟೋದಾಗ ಇರೋದು ಜೊಂಗಾ, ಸೈನ್ಯದ ಬ್ಯಾರೆ ನಮೂನಿ ಜೀಪು. ಜಬಲ್ಪುರದಾಗ ಜೊಂಗಾ ಮಾಡಾಕ ಸುರು ಮಾಡಿದ್ದು 1969ರಾಗ. ಹಮೀದ್ ಹುತಾತ್ಮರಾಗಿದ್ದು 1965ರ ಸಪ್ಟೆಂಬರ್ 10ಕ್ಕ. ಆಗ ಇಲ್ಲದ ಗಾಡಿ ಅವರು ಹೊಡದಾಡಿದ ಪಂಜಾಬಿನ ಖೇಮ್‌ಕರಣ್‌ಗೆ ಹೆಂಗ ಹೋತು?

ದೊಡ್ಡಕಾಕಾ: ಅಜ್ಜನ ತಿಥಿಗೆ ಬರಾಕ ನಿನಗ ಪುರಸೊತ್ತು ಇರಲಿಲ್ಲ. ಹಿರೇರ ಮಾತಿನಾಗ ತಪ್ಪು ಹುಡುಕಾಕ ಐತಿ.

ಸುನೀತಾ ಅಕ್ಕ: ಕಾಕಾ, ತಿಥಿ ಮಾತು ಇಲ್ಲಿ ಯಾಕ?

ಮಂಜು: ಜೀಪು ಅಂದ್ರ ಅಜ್ಜನ ಜೀಪು ನೆನಪಾಗತೈತಿ. ಯಲ್ಲಮ್ಮನ ಗುಡ್ಡಕ್ಕ ಬುತ್ತಿ ಗಂಟು, ಮಂದಿ, ಎಲ್ಲಾ ಅದರಾಗ. ಇದ್ದಿದ್ರ ಇವತ್ತು ಎಷ್ಟು ರೊಕ್ಕ ಬರತಿತ್ತು.

ಸುನೀತಾ ಅಕ್ಕ: ಅದನ್ನ ಯಾರಿಗೂ ಕೇಳದ ಮಾರಿದ್ದು ಯಾರು ಅಂತನೂ ನೆನಪ ಮಾಡ್ಕೋ.

ದೊಡ್ಡಕಾಕಾ: ಮಾರಿದ್ದು ನಾನ. ರಿಪೇರಿ ರೊಕ್ಕ ನೀವು ಯಾರು ಕೊಟ್ರಿ?

ಸುಬೇದಾರ ಮಾಮಾ: ಅಜ್ಜನ ಜೀಪು ಬಿಡ್ರಿ. ಪ್ರವೀಣ ಹೇಳಿದ್ದು ಖರೆ. ಹಮೀದ್ ನಮ್ಮ ಸೈನ್ಯದ ಪದಾತಿ ದಳ 4 ಗ್ರೆನೇಡಿಯರ್ಸ್‌ನವರು, ಖೇಮ್‌ಕರಣ್ ಕಡೆ ಚೀಮಾ ಊರಿನ ಹತ್ರ ಹೊಡದಾಡಿದ್ರು, ಶತ್ರುವಿನ ಗುಂಡು ಬಿದ್ದು ಅಲ್ಲೇ ತೀರ್ಕೊಂಡ್ರು. ಅವರ ಜೀಪಿನ ಮ್ಯಾಲ ಇದ್ದದ್ದು 106 ಎಂ.ಎಂ. ಆರ್‌ಸಿಎಲ್, ಅಂದ್ರ ಹೊಡದಾಗ ಹಿಂದಕ್ಕ ಒದಿಯದ ತೋಪು. ತೋಪಿನ ತೂಕ ಸುಮಾರು 209 ಕಿಲೋ, ಒಂದು ಗುಂಡು 17 ಕಿಲೋ. ಆರು ಗುಂಡು, ಮೂರು ಮಂದಿ ಹತ್ತಿದ್ರ 500 ಕಿಲೋ ದಾಟತೈತಿ. ಕಾಲು ಟನ್ ಹೊರೋ ಲೆಕ್ಕದ ಜೀಪದು. ಅದಕ್ಕ ಅಂಥಾ ಗಾಡಿಗೆ ಹಿಂದಿನ ಸ್ಪ್ರಿಂಗ್ ಪಾಟಾ ಗಟ್ಟಿಯವು ಬೇಕಾಗತಾವು.

ಹೊಡದಾಗ ಹಿಂದಕ್ಕ ಒದಿಯೋ ಸಾದಾ ತೋಪು ಇಷ್ಟು ಹಗುರ ಗಾಡಿ ಮ್ಯಾಲ ನಡಿಯಂಗಿಲ್ಲ. ಎರಡನೇ ಮಹಾಯುದ್ಧದಾಗ ಅಮೆರಿಕಾದವರು ಬ್ಯಾಂಟಮ್ ಜೀಪಿನ ಮ್ಯಾಲ 37 ಎಂ.ಎಂ. ತೋಪು ಕೂಡಿಸಿ ನೋಡಿ ಬಿಟ್ಟುಬಿಟ್ರು. ಆಮ್ಯಾಲ ಅದನ್ನ ಮುಕ್ಕಾಲು ಟನ್ನಿನ ಡಾಜ್ ಟ್ರಕ್ಕಿಗೆ ಹಾಕಿ 5,380 ಗಾಡಿ ಮಾಡಿದ್ರು. ಅದರಾಗ ಭಾಳಷ್ಟರ ತೋಪು ಕಿತ್ತು ಮತ್ತ ಸಾಮಾನು ಟ್ರಕ್ ಮಾಡಿದ್ರು. ಇಂಥಾ ಗಾಡಿ ಅಪರೂಪ ಆಗೋದು ಹಿಂಗ. ತೋಪು ಒಂದು ಕಡೆ, ಗಾಡಿ ಒಂದು ಕಡೆ.

ಮಂಜು: ಮಾಮಾ, ಹಂಗಾರ ಆರ್‌ಸಿಎಲ್ ಹೊಡದ್ರ ಜೀಪು ಯಾಕ ಮಗಚಂಗಿಲ್ಲ?

ಸುಬೇದಾರ ಮಾಮಾ: ಅದರ ಗುಂಡಿನ ಕೇಸಿಗೆ ಮೈತುಂಬ ತೂತು ಇರತಾವು. ಗುಂಡು ಮುಂದ ಹೋಗುವಾಗ ಮದ್ದಿನ ಗ್ಯಾಸು ಹಿಂದಿನ ಬಾಯಿಂದ ಹೊರಗ ಹೋಗತೈತಿ. ಎರಡೂ ಸಮ ಆಗಿ ಗಾಡಿಗೆ ಪೆಟ್ಟು ಹತ್ತಂಗಿಲ್ಲ. ಹಿಂದಿನ ಬಾಯಿ ಸವದು ಅಗಲ ಆದ್ರ ಗ್ಯಾಸು ಹೆಚ್ಚು ಹೋಗಿ ತೋಪು ಮುಂದಕ್ಕ ಜಗ್ಗತೈತಿ. ಹಿಂದ ನಿಂತಾವ ಸಾಯತಾನ. ಧೂಳು ಎದ್ದು ಶತ್ರುಗೆ ಜಾಗಾನೂ ಗೊತ್ತಾಗತೈತಿ, ಹೊಡದ ಕೂಡಲೇ ಸರೀಬೇಕು. ಹಮೀದ್ ಹಂಗ ಜಾಗಾ ಬದಲಿಸ್ಕೋತ ಹೊಡದವರು. ಕಾಕಾ, ಅವರ ಧೈರ್ಯದ ಅಳತಿ ಅಲ್ಲೈತಿ, ಈ ಫೋಟೋದಾಗ ಇಲ್ಲ.

ದೊಡ್ಡಕಾಕಾ: ಧೈರ್ಯದ ಮಾತು ನಾನೂ ಅದನ್ನ ಹೇಳಿದ್ದು.

ಬಸು: ಈ ಗಾಡಿ ಹಮೀದ್‌ದು ಅಲ್ಲ ಅಂದ್ರೂ ತೋಪಿನ ಗಾಡಿ ಹೌದಲ್ಲ? 6 ಲಕ್ಷಕ್ಕ ಸಿಕ್ರ ಒಳ್ಳೇದ.

ಪ್ರವೀಣ: ತೋಪಿನ ಸಮೇತ ಅಂದಾಗಲೇ ಸುಳ್ಳು. 1959ರ ಶಸ್ತ್ರಾಸ್ತ್ರ ಕಾಯ್ದೆ ಕಲಂ 7, ಟ್ಯಾಂಕ್ ಹೊಡೆಯೋ ತೋಪು ನಿಷೇಧಿತ ಶಸ್ತ್ರ. ಮನಿ ಮುಂದ ನಿಲ್ಲಿಸಿದ್ರ ನೀ ಒಳಗ ಹೋಗತಿ.

ಸುಬೇದಾರ ಮಾಮಾ: ಬಸೂ, "ಇದೊಂದೇ" ಅನ್ನೋದೂ ಸುಳ್ಳು. 106 ಎಂ.ಎಂ. ತೋಪು ಎಷ್ಟೋ ದೇಶದ ಸೈನ್ಯದಾಗ ಇತ್ತು, ಕೆಲವು ಕಡೆ ಇನ್ನೂ ಐತಿ. ನಮ್ಮಲ್ಲಿ ಟ್ಯಾಂಕ್ ಹೊಡೆಯೋ ಮಿಲಾನ್ ಕ್ಷಿಪಣಿ ಬಂದಮ್ಯಾಲ ಇದರ ಕೆಲಸ ಕಡಿಮಿ ಆತು. ಖರೇನ ಸಿಗದ್ದು ಅಂದ್ರ ತೋಪಿನ ಜೋಡಣಿ ಉಳಿದಿರೋ ಗಾಡಿ. ಹರಾಜಿನ್ಯಾಗ ತಗೊಂಡವರು ಮೊದಲು ಅದನ್ನ ಕಿತ್ತು ಸೀಟು ಹಾಕಸತಾರ.

ನೋಡೋದು ಹಿಂಗ. ತೋಪಿನ ಉದ್ದ 3.4 ಮೀಟರ್, ಹಳೇ ಜೀಪಿನಷ್ಟ. ನಳಗಿ ಮುಂದ ಚಾಚಬೇಕಲ್ಲ, ಅದಕ್ಕ ಮುಂದಿನ ಗಾಜು ನಡುವ ಸೀಳಿದ್ದು ಇರತೈತಿ, ನಳಗಿ ಹಿಡಿಯೋ ಕ್ಲಾಂಪೂ ಇರತೈತಿ. ಗಾಜು ಅಖಂಡ ಇದ್ರ ಬದಲಿಸ್ಯಾರ. ಹಿಂದ ತಗಡಿನ ಮ್ಯಾಲ ಬೋಲ್ಟಿನ ತೂತು, ದಪ್ಪ ಪಟ್ಟಿ ನೋಡು. ಅಸಲಿ ತೋಪಿನ ಮ್ಯಾಲ ಗುರಿ ನೋಡೋ ಸಣ್ಣ ಬಂದೂಕು ಕೂಡಿರತೈತಿ. ಗುಂಡಿ ಜಗ್ಗಿದ್ರ ಅದು ಹಾರತೈತಿ, ಅದರ ಗುಂಡು ಟ್ಯಾಂಕಿಗೆ ತಾಗಿದ್ದು ಕಂಡಮ್ಯಾಲ ಅದ ಗುಂಡಿ ಒತ್ತಿದ್ರ ದೊಡ್ಡದು. ಈ ಫೋಟೋದಾಗ ಬಂದೂಕೂ ಇಲ್ಲ, ಹಿಂದಿನ ದಪ್ಪ ಬಾಯೂ ಇಲ್ಲ. ಬೋರ್‌ವೆಲ್ ಪೈಪು ಬೆಸದು ಹಸಿರು ಬಣ್ಣ ಬಳದಾರ.

ಸುನೀತಾ ಅಕ್ಕ: ಬಸೂ, ಅಡ್ವಾನ್ಸ್ ಕೊಟ್ಟಿಯೇನು?

ಬಸು: ಇನ್ನಾ ಇಲ್ಲ ಅಕ್ಕಾ. ನಾಳೆ ಹಾಕಬೇಕಂತ ಮಾಡಿದ್ದೆ.

ಸುಬೇದಾರ ಮಾಮಾ: ಹಾಕಬ್ಯಾಡ. ಮೂರು ಫೋಟೋ ಕೇಳು. ಚಾಸಿ ಮ್ಯಾಲ ಒತ್ತಿದ ನಂಬರು, ಸೈನ್ಯದ ಹಳೇ ನಂಬರ್ ಪ್ಲೇಟು, ಹರಾಜಿನ್ಯಾಗ ಕೊಟ್ಟ ಬಿಡುಗಡೆ ಕಾಗದ. ಪ್ಲೇಟಿನಾಗ ಮ್ಯಾಲ ಮುಖ ಮಾಡಿದ ಬಾಣದ ನಂತರದ ಎರಡು ಅಂಕಿ ಗಾಡಿ ತಗೊಂಡ ವರ್ಷ. ಪ್ಲೇಟಿಗೆ ಬಣ್ಣಾ ಬಳಿಬಹುದು, ಅದಕ್ಕ ಕಾಗದದ ನಂಬರೂ ಚಾಸಿ ನಂಬರೂ ಒಂದ ಇರಬೇಕು. ಕಾಗದ ಇಲ್ಲದಿದ್ರ ಆರ್‌ಟಿಓದಾಗ ನೋಂದಣಿ ಆಗಂಗಿಲ್ಲ.

ಬಸು: ಕೇಳೀನಿ ಮಾಮಾ. ಚಾಸಿ ಫೋಟೋ ಅಂದ ಕೂಡಲೇ "ಬೇರೆಯವರು ತಗೊಂಡ್ರು" ಅಂತ ಬ್ಲಾಕ್ ಮಾಡಿದ.

ದೊಡ್ಡಕಾಕಾ: ಆದ್ರೂ ಅಜ್ಜನ ಜೀಪಿನ ರಿಪೇರಿ ರೊಕ್ಕದ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ.